ಎರಡು ಖಂಡುಗ ರಾಗಿ

ಅಮೆರಿಕದಲ್ಲಿ ತಮ್ಮ ಮನೆತನದ ಚರಿತ್ರೆ ಹುಡುಕಲು ಹೊರಟವರು ಬಹುಬೇಗ ತಲುಪುವ ಜಾಗಗಳಲ್ಲಿ ಕೌಂಟಿ ನ್ಯಾಯಾಲಯದ ಪ್ರೊಬೇಟ್ ಕಡತವೂ ಒಂದು. ಸತ್ತವರ ವಿಲ್ಲು ನಿಜವಾದದ್ದೇ ಎಂದು ಕೋರ್ಟು ಒಪ್ಪಿ, ಸಾಲಗಾರರ ಬಾಕಿ ತೀರಿಸಿ, ಮಿಕ್ಕಿದ್ದನ್ನು ವಾರಸುದಾರರಿಗೆ ಹಂಚುವ ಕ್ರಮಕ್ಕೆ ಪ್ರೊಬೇಟ್ ಎನ್ನುತ್ತಾರೆ. ವಿಲ್ಲು ಬರೆಯದೆ ಸತ್ತವರ ಆಸ್ತಿಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಸಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ಕಡತ ಸಾರ್ವಜನಿಕ ದಾಖಲೆ. ಹೆಂಡತಿ, ಮಕ್ಕಳು, ಮೊಮ್ಮಕ್ಕಳ ಹೆಸರು, ವಿಳಾಸ, ಬಿಟ್ಟುಹೋದ ವಸ್ತುಗಳ ಪಟ್ಟಿ, ಅವುಗಳ ಬೆಲೆ, ಬಂದ ಬಾಕಿಯ ಬಿಲ್ಲುಗಳು, ಎಲ್ಲವೂ ಅದರಲ್ಲಿ ಸಿಗುತ್ತವೆ. ಲೆಕ್ಕ ಬರೆದು ಬದುಕುವ ನನ್ನಂಥವನಿಗೆ ಅದು ಒಬ್ಬ ಮನುಷ್ಯನ ಕಟ್ಟಕಡೆಯ ಬ್ಯಾಲೆನ್ಸ್ ಶೀಟಿನಂತೆ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದವರು ಮಾತ್ರ ನತದೃಷ್ಟರು. 1906ರ ಭೂಕಂಪದ ಹಿಂದೆಯೇ ಎದ್ದ ಬೆಂಕಿಯಲ್ಲಿ ಅಲ್ಲಿನ ಹಳೆಯ ದಾಖಲೆಗಳ ಬಹುಭಾಗ ಸುಟ್ಟುಹೋಯಿತು. ಯಾವ ಜಾಗ ಯಾರದೆಂದು ಮತ್ತೆ ಸಾಬೀತು ಮಾಡಿಕೊಳ್ಳಲೆಂದೇ ಅದೇ ವರ್ಷ ಪ್ರತ್ಯೇಕ ಕಾನೂನು ತರಬೇಕಾಯಿತು.

ಇಲ್ಲಿನ ಕನ್ನಡಿಗ ಗೆಳೆಯರು ಆಗಾಗ ಕೇಳುವುದುಂಟು: "ನಮ್ಮ ಅಜ್ಜ ಮುತ್ತಜ್ಜಂದಿರ ವಿಲ್ಲುಗಳು ಎಲ್ಲಿ ಸಿಗುತ್ತವೆ ಮಾರಾಯರೇ?" ಬಹುಪಾಲು ಮನೆಗಳ ಮಟ್ಟಿಗೆ ಉತ್ತರ ಚಿಕ್ಕದು. ಅವರು ವಿಲ್ಲು ಬರೆದೇ ಇಲ್ಲ.

ಅದಕ್ಕೆ ಕಾರಣ ಅನಕ್ಷರತೆಯಷ್ಟೇ ಅಲ್ಲ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಮಿನಂಥ ಕೆಲವು ಕಡೆ ಬಿಟ್ಟರೆ ಇಡೀ ದೇಶದ ಹಿಂದೂ ಆಸ್ತಿ ಕಾನೂನು ಅದರ ಮೇಲೆ ನಿಂತಿತು. ಅದರ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಒಬ್ಬ ತೀರಿಕೊಂಡರೆ ಅವನ ಪಾಲು ಉಳಿದ ಗಂಡಸರಲ್ಲಿ ತಾನಾಗಿ ಸೇರಿಹೋಗುತ್ತದೆ. ಹೀಗಿರುವಾಗ ಸಾಯುವವನ ಕೈಯಲ್ಲಿ ಬರೆದುಕೊಡಲು ಏನಿದೆ? ಬ್ರಿಟಿಷರ 1870ರ ಹಿಂದೂ ವಿಲ್ಲುಗಳ ಕಾಯಿದೆ ಬಂಗಾಳಕ್ಕೂ ಮದರಾಸು, ಮುಂಬಯಿ ನಗರಗಳಿಗೂ ಅನ್ವಯಿಸಿತೇ ಹೊರತು ನಮ್ಮ ಹಳ್ಳಿಗಳಿಗಲ್ಲ. ಮುಂದೆ ವಿಲ್ಲು ಬರೆಯುವುದು ರೂಢಿಯಾದರೂ ನಮ್ಮ ಕಡೆ ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯವಾಗಲಿಲ್ಲ, ಆದ್ದರಿಂದ ಕಡತವೂ ಬೆಳೆಯಲಿಲ್ಲ.

ಹಾಗಾಗಿ ನಮ್ಮಲ್ಲಿ ಒಂದು ಹಳೆಯ ವಿಲ್ಲು ಸಿಕ್ಕರೆ ನಾನು ಮೊದಲು ಕೇಳಿಕೊಳ್ಳುವುದು, ಇವರು ಯಾವ ರೂಢಿಗೆ ಅಡ್ಡ ನಿಂತರು ಎಂದು. ಶಿರಸಂಗಿ ಲಿಂಗರಾಜ ದೇಸಾಯಿ ಅವರದು ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಶಿರಸಂಗಿ ದೇಸಗತಿಗೆ ದತ್ತು ಬಂದವರು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರು. 1906ರಲ್ಲಿ ತೀರಿಕೊಂಡಾಗ ಅವರ ಮೃತ್ಯುಪತ್ರ ಆಸ್ತಿಯನ್ನು ಬಡ ಹುಡುಗರ ಓದಿಗೆ ಮೀಸಲಿಟ್ಟಿತ್ತು. ದೇಸಗತಿಯ ರೂಢಿ ಬಯಸುತ್ತಿದ್ದುದು ಇನ್ನೊಬ್ಬ ದತ್ತುಮಗನನ್ನು. ದತ್ತಿನಿಂದಲೇ ಆಸ್ತಿ ಪಡೆದವರು ಆ ಸರಪಳಿಯನ್ನು ತಮ್ಮಲ್ಲಿಗೇ ನಿಲ್ಲಿಸಿದರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅವರ ಹೆಸರು ಇಂದಿಗೂ ಇದೆ. ದಕ್ಷಿಣ ಕನ್ನಡದ ಅಳಿಯಸಂತಾನದ ಮನೆಗಳ ವಿಲ್ಲುಗಳನ್ನೂ ಹೀಗೆಯೇ ಓದಬೇಕು. ಅಲ್ಲಿ ಆಸ್ತಿ ಸೋದರಿಯರ ಸಂತಾನದಲ್ಲಿ ಹರಿಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆಗೆ ಮುಂಚೆ ಒಬ್ಬ ಗಂಡಸು ತನ್ನ ಸ್ವಂತ ದುಡಿಮೆಯನ್ನು ಹೆಂಡತಿ ಮಕ್ಕಳಿಗೆಂದು ಬರೆದಿಟ್ಟಿದ್ದರೆ, ಮೂರೇ ಸಾಲಿನ ಆ ಕಾಗದದ ಹಿಂದೆ ಎಷ್ಟು ರಾತ್ರಿಗಳ ಮಾತುಕತೆ ನಡೆದಿರಬೇಕು!

ವಿಲ್ಲು ಬರೆಯದೆ ಸತ್ತವನಿಂದಲೂ ಚರಿತ್ರೆ ಹುಟ್ಟುತ್ತದೆ, ಕೆಲವೊಮ್ಮೆ ಹೆಚ್ಚೇ ಹುಟ್ಟುತ್ತದೆ. ಬಳ್ಳಾರಿಯ ಮ್ಯಾಥ್ಯೂ ಅಬ್ರಹಾಂ ಕೆಳಜಾತಿಯೆನಿಸಿದ ಮೂಲದ ಕ್ರೈಸ್ತ. ಐರೋಪ್ಯ ಸಂಬಂಧದ ಮನೆತನದ ಶಾರ್ಲೆಟ್ ಫಾಕ್ಸ್ ಎಂಬಾಕೆಯನ್ನು ಮದುವೆಯಾಗಿ, ದಂಡಿನ ಊರಿನಲ್ಲಿ ವ್ಯಾಪಾರ, ಅಬಕಾರಿ ಗುತ್ತಿಗೆಗಳಿಂದ ದೊಡ್ಡ ಆಸ್ತಿ ಮಾಡಿ, 1842ರಲ್ಲಿ ವಿಲ್ಲು ಬರೆಯದೆ ತೀರಿಕೊಂಡ. ವ್ಯಾಪಾರ ನೋಡಿಕೊಳ್ಳುತ್ತಿದ್ದ ತಮ್ಮ ಫ್ರಾನ್ಸಿಸ್, "ನಮ್ಮದು ಅವಿಭಕ್ತ ಕುಟುಂಬ, ಅರ್ಧ ನನ್ನದು" ಎಂದ. ಅತ್ತಿಗೆ ಒಪ್ಪದೆ ಬಳ್ಳಾರಿಯ ಕೋರ್ಟಿಗೆ ಹೋದಳು. ಮೊಕದ್ದಮೆ ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಏರಿತು. ಅಣ್ಣತಮ್ಮ ಕುಲದ ಹಳೆಯ ರೀತಿಯಲ್ಲೇ ಬದುಕಿದರೇ, ಇಂಗ್ಲಿಷ್ ರೀತಿಯಲ್ಲೇ ಎಂಬುದೇ ಅಲ್ಲಿ ಪ್ರಶ್ನೆಯಾಗಿದ್ದರಿಂದ ಉಡುಪು, ನಡೆನುಡಿಗಳೆಲ್ಲ ಸಾಕ್ಷ್ಯದ ವಿಷಯವಾದವು. 1863ರಲ್ಲಿ ಬಂದ ತೀರ್ಪು ಹಿಂದೂ ಅವಿಭಕ್ತ ಕುಟುಂಬದ ವಾದವನ್ನು ತಳ್ಳಿಹಾಕಿತು. ಮತಾಂತರವಾದವರು ಹಳೆಯ ಕಾನೂನನ್ನು ಬಿಡಬಹುದು, ಬೇಕೆಂದರೆ ಇಟ್ಟುಕೊಳ್ಳಬಹುದು, ಅದನ್ನು ಅವರ ನಡೆಯಿಂದಲೇ ತಿಳಿಯಬೇಕು ಎಂದಿತು. ಎರಡೇ ವರ್ಷದಲ್ಲಿ, 1865ರಲ್ಲಿ, ಭಾರತೀಯ ಉತ್ತರಾಧಿಕಾರ ಕಾಯಿದೆ ಬಂತು. ಚಂದ್ರ ಮಲ್ಲಂಪಳ್ಳಿ ಅವರು ಈ ಒಂದು ಮೊಕದ್ದಮೆಯ ಮೇಲೆಯೇ 2011ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಮ್ಯಾಥ್ಯೂ ಒಂದು ಹಾಳೆಯಲ್ಲಿ ತನ್ನ ಇಚ್ಛೆ ಬರೆದಿಟ್ಟಿದ್ದರೆ ಇದೆಲ್ಲ ನಮಗೆ ಸಿಗುತ್ತಿರಲಿಲ್ಲ.

ಎಂಬತ್ತೈದು ವರ್ಷಗಳ ನಂತರ ಅದೇ ಬಗೆಯ ಪ್ರಶ್ನೆ ನಾನಿರುವ ಕ್ಯಾಲಿಫೋರ್ನಿಯಾಕ್ಕೂ ಬಂತು. ದಲೀಪ್ ಸಿಂಗ್ ಬೀರ್ ಎಂಬ ಪಂಜಾಬಿನವರು ಇಲ್ಲಿ ವಿಲ್ಲಿಲ್ಲದೆ ತೀರಿಕೊಂಡಿದ್ದರು. ಊರಿನಲ್ಲಿದ್ದ ಇಬ್ಬರು ಹೆಂಗಸರು, ನಾವಿಬ್ಬರೂ ಅವರ ಹೆಂಡತಿಯರು ಎಂದರು. ಕೆಳಗಿನ ಕೋರ್ಟು ಮೊದಲನೆಯವರಿಗೆ ಮಾತ್ರ ಹಕ್ಕು ಎಂದರೆ, 1948ರಲ್ಲಿ ಮೇಲಿನ ಕೋರ್ಟು ಇಬ್ಬರಿಗೂ ಸಮಪಾಲು ಕೊಟ್ಟಿತು. ಇಬ್ಬರೂ ಇಲ್ಲಿ ಬಂದು ಅವನೊಡನೆ ಸಂಸಾರ ಮಾಡುವುದಾಗಿದ್ದರೆ ಬೇರೆ ಮಾತು, ಆಸ್ತಿ ಹಂಚಿಕೊಳ್ಳುವುದರಿಂದ ಯಾರಿಗೂ ಕೇಡಿಲ್ಲ ಎಂಬುದು ಅದರ ತರ್ಕ. ದುಡಿಯಲು ಬಂದ ಗಂಡಸರ ಕಥೆಗಳೇ ತುಂಬಿರುವ ವಲಸೆಯ ಇತಿಹಾಸದಲ್ಲಿ ಊರಿನಲ್ಲಿ ಉಳಿದ ಹೆಂಗಸರು ಕಾಣಿಸಿಕೊಳ್ಳುವುದು ಇಂಥ ಕಡತಗಳಲ್ಲೇ.

ಕೋರ್ಟು ಹತ್ತದ ಸಾಮಾನ್ಯ ಮನೆಗಳ ಪಾಡೇನು? ನಮ್ಮಲ್ಲಿ ವಿಲ್ಲಿನ ಜಾಗದಲ್ಲಿ ಪಾಲುಪಟ್ಟಿ ಇದೆ. ತಿಪಟೂರು ಸೀಮೆಯ ನಮ್ಮ ಮನೆಯ 1938ರ ಪಾಲುಪಟ್ಟಿಯ ನಕಲು ನನ್ನ ಬಳಿ ಇದೆ. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರು ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಉಳಿದಿಬ್ಬರ ನಡುವೆ ಹಂಚಿಕೆ. ಸರ್ವೆ ನಂಬರು, ಚಕ್ಕುಬಂದಿ, ತೆಂಗಿನ ಮರಗಳ ಎಣಿಕೆ, ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಒಂದು ಗಾಡಿ, ಒಂದು ಜೊತೆ ಎತ್ತು. ಯಾರು ಬರೆದರೋ, ಲೆಕ್ಕ ಬಹಳ ಚೊಕ್ಕವಾಗಿದೆ. ಎರಡೂ ಕಡೆಯ ಕೂಡಿಕೆ ಕಾಸಿಗೆ ಕಾಸು ತಾಳೆಯಾಗುತ್ತದೆ. ಕೊನೆಯ ಪುಟದಲ್ಲಿ, ಹೋದವರ ಹೆಂಡತಿಗೆ ವರ್ಷಕ್ಕೆ ಎರಡು ಖಂಡುಗ ರಾಗಿ, ಎರಡು ಸೀರೆ, ಹಿಂದಿನ ಕೋಣೆಯಲ್ಲಿ ಇರುವವರೆಗೆ ವಾಸ. ಒಕ್ಕಣೆಯ ಉದ್ದಕ್ಕೂ ಆಕೆ 'ಮೃತರ ಪತ್ನಿ' ಮಾತ್ರ. ಸ್ವಂತ ಹೆಸರು ಕಾಣುವುದು ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ, ಒಂದೇ ಸಲ.

"ಆಯಮ್ಮ ದೊಡ್ಡ ಮನಸ್ಸಿನವರು, ನನಗೇನೂ ಬೇಡ ಅಂದ್ರಂತೆ" ಎಂದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದೇವೆ. ಆದರೆ ಪಾಲುಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಗದ ಇಟ್ಟು ಓದಬೇಕು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದಿತ್ತು, ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಹಕ್ಕು ಕೊಟ್ಟ 1937ರ ಕಾಯಿದೆಗಿಂತ ನಾಲ್ಕು ವರ್ಷ ಮುಂಚೆ. ಅಣ್ಣತಮ್ಮಂದಿರು ಪಾಲಾಗುವಾಗ, ಗಂಡುಮಕ್ಕಳಿಲ್ಲದೆ ತೀರಿಕೊಂಡ ಸೋದರನ ವಿಧವೆಗೂ ಪಾಲು ಸಿಗಬೇಕು ಎಂದು ಅದರಲ್ಲಿದೆ. ಪಾಲು, ರಾಗಿಯಲ್ಲ. ಕಾಯಿದೆಗೆ ಆಗ ಐದು ವರ್ಷ. ಪತ್ರ ಬರೆದವರಿಗೆ ಅದು ಗೊತ್ತಿತ್ತೆಂದೇ ನನ್ನ ಅನುಮಾನ. ಗೊತ್ತಿಲ್ಲದಿದ್ದರೆ ಆಕೆಯ ಹೆಬ್ಬೆಟ್ಟು ಯಾಕೆ ಬೇಕಿತ್ತು? "ಮನಃಪೂರ್ವಕವಾಗಿ ಒಪ್ಪಿ" ಎಂಬ ಮಾತನ್ನು ಎರಡು ಸಲ ಯಾಕೆ ಬರೆಯಬೇಕಿತ್ತು? ಲೆಕ್ಕಪತ್ರ ತಪಾಸಣೆ ಮಾಡುವವರು ಇಂಥ ಅನವಶ್ಯಕ ಸಾಲುಗಳ ಹತ್ತಿರವೇ ನಿಲ್ಲುತ್ತಾರೆ. ಆ ಆಸ್ತಿಯಿಂದಲೇ ನಮ್ಮಪ್ಪ ಓದಿದ್ದು, ನಾನು ಓದಿದ್ದು.

ಇದು ಹಳೆಯ ಕಾಲದ ಮಾತೆಂದು ಬಿಡುವಂತಿಲ್ಲ. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟವು. ಅಲ್ಲಿಂದೀಚೆಗೆ ಬೇ ಏರಿಯಾದ ನಮ್ಮ ಅಕ್ಕತಂಗಿಯರಿಗೆ ಊರಿನಿಂದ ವಾಟ್ಸ್‌ಆ್ಯಪಿನಲ್ಲಿ ಹಕ್ಕು ಬಿಡುಗಡೆ ಪತ್ರದ ಕರಡು ಬರುತ್ತದೆ. ಅವರು ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರ ಪತ್ರಕ್ಕೆ ಮುದ್ರೆ ಹಾಕಿಸಿ ಕಳಿಸುತ್ತಾರೆ. ಪ್ರತಿಫಲ, ಅರಿಶಿನ ಕುಂಕುಮದ ಬಾಬ್ತು ಎಂದು ಒಂದಿಷ್ಟು. ಕೆಲವರು ನಿಜವಾಗಿಯೂ ಸಂತೋಷದಿಂದ ಬಿಟ್ಟುಕೊಡುತ್ತಾರೆ, ಕೆಲವರು ಅಣ್ಣನ ಮನೆಯ ಬಾಗಿಲು ಮುಚ್ಚಬಾರದೆಂದು. ಕಾಗದದಲ್ಲಿ ಎರಡಕ್ಕೂ ಒಂದೇ ಒಕ್ಕಣೆ.

ಆ ಪತ್ರಗಳಾದರೂ ಉಪನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ ಉಳಿಯುತ್ತವೆ. ಶುಲ್ಕ ಕಟ್ಟಿದ ಯಾರಿಗೂ ನಕಲು ಸಿಗುತ್ತದೆ. ರಿಜಿಸ್ಟರಾದ ವಿಲ್ಲುಗಳು ಮೂರನೇ ಪುಸ್ತಕದಲ್ಲಿ. ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಕೊಡುವುದಿಲ್ಲ. ನಮ್ಮ ಅಮೆರಿಕದ ಆಸ್ತಿಗೆ ಅಷ್ಟೂ ದಾಖಲೆ ಉಳಿಯಲಾರದು. ಕ್ಯಾಲಿಫೋರ್ನಿಯಾದ ಪ್ರೊಬೇಟಿನಲ್ಲಿ ವಕೀಲರ ಶುಲ್ಕ ಕಾನೂನಿನಲ್ಲೇ ನಿಗದಿಯಾಗಿದೆ: ಮೊದಲ ಲಕ್ಷ ಡಾಲರಿಗೆ ಶೇ 4, ಎರಡನೆಯದಕ್ಕೆ ಶೇ 3, ಮುಂದಿನ ಎಂಟು ಲಕ್ಷಕ್ಕೆ ಶೇ 2, ಅಲ್ಲಿಂದಾಚಿನ ತೊಂಬತ್ತು ಲಕ್ಷಕ್ಕೆ ಶೇ 1. ಮನೆಯ ಸಾಲವನ್ನು ಕಳೆಯುವಂತಿಲ್ಲ. ಹದಿನೈದು ಲಕ್ಷ ಡಾಲರಿನ ಮನೆಗೆ 28,000 ಡಾಲರ್, ವಿಲ್ಲು ಜಾರಿ ಮಾಡುವವರು ಕೇಳಿದರೆ ಅವರಿಗೂ ಅಷ್ಟೇ. ಆದ್ದರಿಂದ ಇಲ್ಲಿ ಮನೆಯಿರುವವರು ಲಿವಿಂಗ್ ಟ್ರಸ್ಟ್ ಮಾಡಿಸುತ್ತಾರೆ, ನಾನೂ ಮಾಡಿಸಿ ಎಂದೇ ಹೇಳುತ್ತೇನೆ. ಟ್ರಸ್ಟಿನ ಪತ್ರ ಕೋರ್ಟಿಗೆ ಹೋಗುವುದಿಲ್ಲ. ಜಗಳವಾಗದಿದ್ದರೆ ಅದು ಮನೆಯ ಬೀರುವಿನಲ್ಲೇ ಉಳಿದು, ಮಕ್ಕಳು ಮನೆ ಖಾಲಿ ಮಾಡುವ ದಿನ ಮರುಬಳಕೆಯ ತೊಟ್ಟಿ ಸೇರುತ್ತದೆ.

ತಿಪಟೂರಿಗೆ ಹೋದಾಗ ನೋಡಬೇಕಾದದ್ದು ಇನ್ನೊಂದಿದೆ. 1938ರ ಆಚೆಗಿನ ನೋಂದಣಿ ಸೂಚಿಗಳಲ್ಲಿ, ಆ ಹೆಬ್ಬೆಟ್ಟಿನ ಪಕ್ಕದ ಹೆಸರಿನಲ್ಲಿ ಬೇರೆ ಯಾವುದಾದರೂ ಪತ್ರ ಇದೆಯೇ ಎಂದು.