ಟಿವಿ ಗೇಮಿನೊಳಗಿನ ಕಂಪ್ಯೂಟರು: ಚಿಕ್ಕೋಡಿ ಸೀಮೆಯ ನೆಲೆಯಿಂದ ಒಂದು ತಾಂತ್ರಿಕ ಓದು

ಮನೆಬಳಕೆಯ ಕಂಪ್ಯೂಟರಿನ ಚರಿತ್ರೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಶಾಲೆಯಿಂದ ಶುರುಮಾಡುತ್ತಾರೆ. ಮೊದಲು ದಿಲ್ಲಿಯ ಯೋಜನೆ, ಆಮೇಲೆ ಸರಕಾರಿ ಖರೀದಿ, ಬೀಗ ಹಾಕಿದ ಲ್ಯಾಬು, ಕೊನೆಗೆ ವಿಂಡೋಸ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಮಟ್ಟಿಗೆ ಈ ಕ್ರಮದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಇಂಥ ಸೀಮೆಗಳ ಮನೆಗೆ ಕಂಪ್ಯೂಟರು ಕಾಲಿಟ್ಟದ್ದು ಟಿವಿ ಗೇಮ್ ಎಂಬ ಹೆಸರಿನಲ್ಲಿ. ಅದನ್ನು ಆಟಿಕೆ ಎಂದು ಬದಿಗಿಟ್ಟರೆ ಆಡುವುದು, ಆಟವನ್ನು ತಿದ್ದುವುದು, ಆಟ ಬರೆಯುವುದು ಈ ಮೂರರ ಸ್ಥಳೀಯ ಚರಿತ್ರೆಗೆ ಆಧಾರವೇ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಆ ಯಂತ್ರವನ್ನೇ ದಾಖಲೆಯಾಗಿ ಓದಿದ್ದೇನೆ.

ಶಾಲೆಯ ಯಂತ್ರವನ್ನೇ ಮೊದಲು ನೋಡೋಣ. 1984-85ರಲ್ಲಿ ಕೇಂದ್ರ ಸರಕಾರ 'ಕ್ಲಾಸ್' ಎಂಬ ಪ್ರಾಯೋಗಿಕ ಯೋಜನೆಯನ್ನು ದೇಶದ ಸುಮಾರು 250 ಶಾಲೆಗಳಲ್ಲಿ ಆರಂಭಿಸಿತು. ಆಯ್ಕೆಯಾದದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ. ಅದರ ಭಾರತೀಯ ರೂಪವನ್ನು ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ 'ಯೂನಿಕಾರ್ನ್' ಹೆಸರಿನಲ್ಲಿ ತಯಾರಿಸಿತು. ಬಿಬಿಸಿ ಮೈಕ್ರೊದ ಬಿ ಮಾದರಿಯ ನೆನಪು 32 ಕಿಲೊಬೈಟ್. ಅದರೊಳಗಿದ್ದದ್ದು ಎರಡು ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್. ಸ್ವಿಚ್ ಹಾಕಿದೊಡನೆ ಬೇಸಿಕ್ ಭಾಷೆ ಸಿದ್ಧ. ಅದೇ ಬೇಸಿಕ್‌ನೊಳಗೆ ಅಸೆಂಬ್ಲರ್ ಕೂಡ ಇತ್ತು. ಮನಸ್ಸು ಮಾಡಿದ ಹುಡುಗ ನೇರವಾಗಿ ಯಂತ್ರಭಾಷೆಗೇ ಇಳಿಯಬಹುದಿತ್ತು. 'ಎಲೀಟ್' ಎಂಬ ಬಾಹ್ಯಾಕಾಶ ವ್ಯಾಪಾರದ ಆಟವನ್ನು ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ 1984ರಲ್ಲಿ ಬರೆದದ್ದು ಇದೇ ಯಂತ್ರಕ್ಕಾಗಿ.

ಇದು ಶಾಲೆಯ ಮಾತಾಯಿತು. ಮನೆಗೆಂದು ಹೈದರಾಬಾದಿನ ಡೆಸಿಬೆಲ್ಸ್ ಕಂಪನಿ ಇಂಗ್ಲೆಂಡಿನದೇ ಇನ್ನೊಂದು ಕಂಪ್ಯೂಟರಾದ ಸ್ಪೆಕ್ಟ್ರಮ್ ಯಂತ್ರದ ಭಾರತೀಯ ರೂಪವನ್ನು ಮಾರಿತು. ಅದು ಸಾಕಷ್ಟು ಹಣವಿದ್ದ ಪಟ್ಟಣದ ಮನೆಗಳ ವಸ್ತು.

ಹಳ್ಳಿ-ಪಟ್ಟಣಗಳಲ್ಲಿ ಹರಡಿದ್ದು ಇನ್ನೊಂದು. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲುಗಳು ತೈವಾನ್ ಮತ್ತು ಚೀನಾದಿಂದ ಜಗತ್ತಿನ ತುಂಬ ಹರಿದವು. ಭಾರತದಲ್ಲಿ ಸಮುರಾಯ್, ಮೀಡಿಯಾ ಹೆಸರಿನ ಪೆಟ್ಟಿಗೆಗಳು ಮೊದಲು ಬಂದವು, ಹೆಸರೇ ಇಲ್ಲದವು ಆಮೇಲೆ. ಈ ಐದು ತಾಲ್ಲೂಕುಗಳ ಭೂಗೋಳವೇ ಇಂಥ ಸರಕಿಗೆ ಹೇಳಿಮಾಡಿಸಿದ್ದು. ನಿಪ್ಪಾಣಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದ್ದು ಕೊಲ್ಹಾಪುರಕ್ಕೆ ಹತ್ತಿರ. ಕಾಗವಾಡಕ್ಕೆ ಮಿರಜ ಪಕ್ಕದ ಊರು. ಮಿರಜದಿಂದ ಬೆಳಗಾವಿಗೆ ಬರುವ ರೈಲು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ದಾಟಿಯೇ ಬರಬೇಕು. ಮುಂಬಯಿಯ ಸಗಟು ಪೇಟೆಯ ಮಾಲು ಬೆಂಗಳೂರು ಸುತ್ತಿ ಬರುವ ಅಗತ್ಯ ಇಲ್ಲಿಗೆ ಎಂದೂ ಇರಲಿಲ್ಲ. ಕಂಪ್ಯೂಟರ್ ಚರಿತ್ರೆಯನ್ನು ರಾಜಧಾನಿಯಿಂದ ಅಳೆಯುವ ನಮ್ಮ ರೂಢಿಗೆ ಈ ಗಡಿನಾಡು ಒಗ್ಗುವುದಿಲ್ಲ.

ಆ ಪೆಟ್ಟಿಗೆಯ ತಿರುಪು ಬಿಚ್ಚಿದರೆ ಕಾಣುವುದು ತೀರ ಕಡಿಮೆ: ಒಂದು ಸಣ್ಣ ಬೋರ್ಡು, ಕ್ಯಾಸೆಟ್ ಕೂರಿಸುವ ಅರವತ್ತು ಪಿನ್ನಿನ ಸಂದು, ಕರಿ ಅಂಟಿನ ಒಂದು ಬೊಟ್ಟು. ಆ ಬೊಟ್ಟಿನಡಿ ಪ್ರೊಸೆಸರ್, ಚಿತ್ರ ಮೂಡಿಸುವ ಭಾಗ, ಧ್ವನಿ ಎಲ್ಲವೂ ಒಟ್ಟಿಗೇ ಇವೆ. ಪ್ರೊಸೆಸರ್ ಯಾವುದು? ಅದೇ 6502. ದಶಮಾಂಶ ಗಣಿತದ ಒಂದು ಸೌಲಭ್ಯ ಕಳಚಿಹೋಗಿದೆ, ಅಷ್ಟೆ. ಸರಕಾರ ಬೀಗ ಹಾಕಿ ಕಾಯ್ದ ಯಂತ್ರದ ಮೆದುಳೇ ಮನೆಯ ಟಿವಿಯ ಮೇಲೆ ಕೂತಿತ್ತು. ಒಂದರಲ್ಲಿ ಕಲಿತ ಯಂತ್ರಭಾಷೆಯ ಸೂಚನೆಗಳು ಇನ್ನೊಂದರಲ್ಲೂ ನಡೆಯುತ್ತವೆ. ಆದರೆ ಪಠ್ಯಪುಸ್ತಕ ಆಟಿಕೆಯ ಕಡೆ ನೋಡಲಿಲ್ಲ, ಆಟಿಕೆಯ ಜೊತೆ ಕೈಪಿಡಿ ಬರಲಿಲ್ಲ.

ಇಲ್ಲಿ ಸಂಶೋಧಕರು ಗಮನಿಸಬೇಕಾದ ಒಂದು ಅಂಶವಿದೆ. ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸಿದರೆ ನಮ್ಮ ಪಾಲ್ ಪದ್ಧತಿಯದು 50. ಈ ಪದ್ಧತಿಗೆಂದು ಮಾಡಿದ ನಕಲು ಚಿಪ್ಪುಗಳಲ್ಲಿ ಪ್ರೊಸೆಸರಿನ ವೇಗ ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಆಟದ ಲೆಕ್ಕ ಚಿತ್ರಕ್ಕೊಂದರಂತೆ ನಡೆಯುವುದರಿಂದ ಇಡೀ ಆಟ ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ. ಸಂಗೀತದ ಸ್ವರ ಬಹುತೇಕ ಅದೇ, ಲಯ ಮಾತ್ರ ಎಳೆದಂತೆ. ಹಾಗಾಗಿ ನಮ್ಮ ಹುಡುಗರು ಆಡಿದ ಮಾರಿಯೊ ಓಸಾಕಾದ ಹುಡುಗರು ಆಡಿದ ಮಾರಿಯೊ ಅಲ್ಲ. ಹಳ್ಳ ಜಿಗಿಯುವ ಮುಂಚೆ ಯೋಚಿಸಲು ಇವರಿಗೆ ಕೊಂಚ ಹೆಚ್ಚು ಪುರಸೊತ್ತಿತ್ತು. ಇಂದು ಹಳೇ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಅದೇ ಆಟ ಆಡಿದ ನಲವತ್ತರ ಆಸುಪಾಸಿನವರು 'ಆವಾಗ ಇಷ್ಟು ಜೋರ ಇರಲಿಲ್ಲಲೇ' ಎಂದರೆ ಅದನ್ನು ವಯಸ್ಸಿನ ಖಾತೆಗೆ ಹಾಕಬಾರದು. ಎಫ್‌ಸಿಇಯುಎಕ್ಸ್ ಎಮ್ಯುಲೇಟರ್‌ನಲ್ಲಿ 'ಡೆಂಡಿ' ಎಂಬ ಆಯ್ಕೆ ಇರುವುದು ಈ ನಕಲು ಯಂತ್ರಗಳ ಕಾಲಮಾನಕ್ಕಾಗಿಯೇ. ಬಾಯಿಮಾತಿನ ಸಂದರ್ಶನಕ್ಕೆ ಕೂರುವ ಮುನ್ನ ಅದನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.

ಇನ್ನು ಆಟವನ್ನು ತಿದ್ದುವ ವಿಚಾರ. ಮುಚ್ಚಿದ ಪೆಟ್ಟಿಗೆಯಲ್ಲಿ ಮಕ್ಕಳು ಏನನ್ನು ತಾನೇ ತಿದ್ದಿಯಾರು ಎನ್ನುವ ಪ್ರಶ್ನೆಗೆ ಉತ್ತರ ಆಟಗಳ ಮೆನುವಿನಲ್ಲೇ ಇದೆ. 'ಟ್ಯಾಂಕ್' ಎಂದೇ ಎಲ್ಲರೂ ಕರೆದ ಬ್ಯಾಟಲ್ ಸಿಟಿ ನಾಮ್ಕೊ ಕಂಪನಿಯ 1985ರ ಆಟ. ಇಡೀ ಆಟದ ಗಾತ್ರ 24 ಕಿಲೊಬೈಟ್. ಒಬ್ಬರು, ಇಬ್ಬರು ಎಂಬ ಆಯ್ಕೆಗಳ ಕೆಳಗೆ 'ಕನ್‌ಸ್ಟ್ರಕ್ಷನ್' ಎಂಬ ಮೂರನೆಯದಿತ್ತು. ಅದನ್ನು ಒತ್ತಿದರೆ 13 ಅಡ್ಡ, 13 ಉದ್ದದ ಬಯಲು ತೆರೆದುಕೊಳ್ಳುತ್ತಿತ್ತು. ಇಟ್ಟಿಗೆ, ಉಕ್ಕು, ನೀರು, ಗಿಡ, ಹಿಮ ಬೇಕಾದಲ್ಲಿ ಇಟ್ಟು ತಮ್ಮದೇ ರಣರಂಗ ಕಟ್ಟಬಹುದು. ಆಟಗಾರ ಕಾಪಾಡಬೇಕಾದ ಹದ್ದಿನ ಸುತ್ತ ಉಕ್ಕಿನ ಗೋಡೆ ಕಟ್ಟಿ ಶತ್ರುವನ್ನು ಬೆಪ್ಪು ಮಾಡುವುದು ಎಲ್ಲರೂ ಮೊದಲು ಕಂಡುಕೊಳ್ಳುವ ಉಪಾಯ. ಹಾಗೆ ಕಟ್ಟಿದ ಆಟ ಬೇಗ ಬೇಜಾರಾಗುತ್ತದೆ ಎಂಬುದು ಎರಡನೆಯ ಪಾಠ. ಆಟದ ವಿನ್ಯಾಸ ಎಂದರೆ ಕಷ್ಟವನ್ನು ಅಳೆದು ಬಡಿಸುವ ಕೆಲಸ ಎಂಬುದನ್ನು ಈ 169 ಚೌಕಗಳು ಯಾವ ಮೇಷ್ಟರೂ ಇಲ್ಲದೆ ಕಲಿಸುತ್ತಿದ್ದವು. ಕಟ್ಟಿದ್ದನ್ನು ಉಳಿಸುವ ವ್ಯವಸ್ಥೆ ಮಾತ್ರ ಇರಲಿಲ್ಲ. ಕರೆಂಟ್ ಹೋದರೆ ಎಲ್ಲವೂ ಹೋಯಿತು. ಲೋಡ್ ಶೆಡ್ಡಿಂಗಿನ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಎಕ್ಸೈಟ್‌ಬೈಕ್ ಆಟದ್ದು ಇನ್ನೂ ವಿಚಿತ್ರ. ಓಟದ ಹಾದಿಯನ್ನು ನಾವೇ ರಚಿಸುವ 'ಡಿಸೈನ್' ಜೊತೆಗೆ ಅದರಲ್ಲಿ 'ಸೇವ್', 'ಲೋಡ್' ಎಂಬ ಆಯ್ಕೆಗಳೂ ಇದ್ದವು, ಆದರೆ ಒತ್ತಿದರೆ ಉಪಯೋಗವಿಲ್ಲ. ಜಪಾನಿನಲ್ಲಿ ಫ್ಯಾಮಿಲಿ ಬೇಸಿಕ್ ಕೀಬೋರ್ಡಿನ ಮೂಲಕ ಟೇಪ್ ರೆಕಾರ್ಡರ್ ಜೋಡಿಸಿ ಹಾದಿಯನ್ನು ಧ್ವನಿಯಾಗಿ ಉಳಿಸಬಹುದಿತ್ತು. ಆ ಉಪಕರಣ ಇಲ್ಲಿಗೆ ಬರಲೇ ಇಲ್ಲ. ಬಂದದ್ದು ಅದರ ಮೆನು ಮಾತ್ರ.

ತಿದ್ದುವ ಕೆಲಸವನ್ನು ನಕಲುಗಾರರೂ ಮಾಡಿದರು. ಟ್ಯಾಂಕ್ 1990 ಎಂಬುದು ಬ್ಯಾಟಲ್ ಸಿಟಿಗೆ ಹೊಸ ಶಕ್ತಿಗಳನ್ನು ಸೇರಿಸಿ ತಿದ್ದಿದ ಆಟ. '9999 ಇನ್ 1' ಎಂಬ ಕ್ಯಾಸೆಟ್ಟಿನಲ್ಲಿ ನಿಜವಾಗಿ ಇರುತ್ತಿದ್ದ ಆಟಗಳು ಬೆರಳೆಣಿಕೆಯಷ್ಟು. ಅದೇ ಆಟವನ್ನು ಬೇರೆ ಹಂತದಿಂದ ಶುರುಮಾಡಿಸಿ ಪಟ್ಟಿಯನ್ನು ಉದ್ದ ಮಾಡುತ್ತಿದ್ದರು. ಇದು ಮೋಸವೇ, ಅನುಮಾನವಿಲ್ಲ. ಆದರೆ ನೆನಪಿನ ಒಂದೆರಡು ಬೈಟ್ ಬದಲಿಸಿದರೆ ಆಟದ ನಡೆಯೇ ಬದಲಾಗುತ್ತದೆ ಎಂಬ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿದ್ದೂ ಇದೇ ಮೋಸ.

ಬರೆಯುವ ಬಾಗಿಲು ತೆರೆದದ್ದು ಕೀಬೋರ್ಡ್ ಇದ್ದ ಮಾದರಿಗಳಲ್ಲಿ. ಹೊರಗಿನಿಂದ ನೋಡಿದರೆ ಪೂರಾ ಕಂಪ್ಯೂಟರಿನ ಠೀವಿ, ಒಳಗೆ ಅದೇ ಟಿವಿ ಗೇಮ್; ಜೊತೆಗೆ ಟೈಪಿಂಗ್ ಪಾಠ ಮತ್ತು ಬೇಸಿಕ್ ಇರುವ ಒಂದು ಕ್ಯಾಸೆಟ್. ನಿಂಟೆಂಡೊ ಮತ್ತು ಹಡ್ಸನ್ ಸೇರಿ 1984ರಲ್ಲಿ ತಂದ ಫ್ಯಾಮಿಲಿ ಬೇಸಿಕ್ ಇವಕ್ಕೆಲ್ಲ ಮೇಲ್ಪಂಕ್ತಿ. ಅದರ ಎರಡನೆಯ ಆವೃತ್ತಿಯಲ್ಲಿ ಬಳಕೆದಾರರಿಗೆ ಸಿಗುತ್ತಿದ್ದ ಜಾಗ ಎರಡು ಕಿಲೊಬೈಟ್‌ಗೂ ಕಡಿಮೆ, ಚಿತ್ರಗಳೂ ಕ್ಯಾಸೆಟ್ಟಿನಲ್ಲಿ ಅಚ್ಚಾದವೇ. ಮಾರಿಯೊನನ್ನು ಓಡಾಡಿಸಬಹುದು, ಹೊಸ ಆಕೃತಿಯನ್ನು ಬರೆಯುವಂತಿಲ್ಲ. 2008ರ ಸುಮಾರಿಗೆ ಡೆರೆಕ್ ಲೋಮಸ್, ಡೇನಿಯಲ್ ರೆನ್, ಜೆರೆಮಿ ಡಗ್ಲಸ್ ಕಟ್ಟಿದ ಪ್ಲೇಪವರ್ ಸಂಸ್ಥೆ ಇಂಥ ಹನ್ನೆರಡು ಡಾಲರಿನ ಯಂತ್ರಗಳಿಗೆ ಕಲಿಕೆಯ ಆಟಗಳನ್ನು ಬರೆಸಲು ಮುಂದಾಯಿತು. ಸರಿಯಾದ ಆಲೋಚನೆ, ಆದರೆ ತಡವಾಗಿತ್ತು. ಆ ಹೊತ್ತಿಗೆ ಮಕ್ಕಳ ಕಣ್ಣು ಮೊಬೈಲಿನ ಮೇಲೆ ಬಿದ್ದಿತ್ತು.

ಇಂಥ ಯಂತ್ರಗಳ ಪರದೆಯಲ್ಲಿ ಕನ್ನಡ ಮೂಡಿಸಬಹುದಿತ್ತೇ ಎಂಬ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡಬಹುದು. ಬಿಬಿಸಿ ಮೈಕ್ರೊದಲ್ಲಿ 'ವಿಡಿಯು 23' ಎಂಬ ಆಜ್ಞೆಯಿಂದ 224ರಿಂದ 255ರ ವರೆಗಿನ 32 ಅಕ್ಷರಸ್ಥಾನಗಳಿಗೆ ನಮಗೆ ಬೇಕಾದ ಎಂಟು-ಎಂಟು ಚುಕ್ಕಿಯ ಆಕಾರ ಕೊಡಬಹುದು. ಎಂಟು ಚುಕ್ಕಿಯ ಎತ್ತರದಲ್ಲಿ ಕನ್ನಡ ಓದಲು ಬರುವುದಿಲ್ಲ, ಹದಿನಾರಾದರೂ ಬೇಕು. ಅಂದರೆ ಅಕ್ಷರವೊಂದಕ್ಕೆ ನಾಲ್ಕು ಸ್ಥಾನ. ಅಥಣಿಗೆ 12, ರಾಯಬಾಗಕ್ಕೆ 16. ಅಲ್ಲಿಗೆ 28 ಮುಗಿದವು, ಮೂರನೆಯ ಊರಿಗೆ ಜಾಗವಿಲ್ಲ. ಆದರೆ ಅದರ ಪರದೆ ಚುಕ್ಕಿಗಳ ಪರದೆ. ಒಮ್ಮೆ ಮೂಡಿದ ಅಕ್ಷರ, ಸ್ಥಾನದ ಆಕಾರವನ್ನು ಬದಲಿಸಿದರೂ ಅಳಿಯುವುದಿಲ್ಲ. ಬರೆದು, ಬದಲಿಸಿ, ಮತ್ತೆ ಬರೆಯುತ್ತ ಐದೂ ಊರುಗಳನ್ನು ತೋರಿಸಬಹುದು.

ಟಿವಿ ಗೇಮಿನಲ್ಲಿ ಈ ಉಪಾಯ ನಡೆಯದು. ಅದರ ಹಿನ್ನೆಲೆ 256 ಟೈಲುಗಳ, ಅಂದರೆ ಎಂಟು-ಎಂಟು ಚುಕ್ಕಿಯ ಚೌಕಗಳ, ಗುಂಪಿನಿಂದ ಹೆಣೆದದ್ದು. ಒಂದು ಟೈಲ್ ಬದಲಿಸಿದರೆ ಪರದೆಯ ಮೇಲೆ ಅದು ಇರುವಲ್ಲೆಲ್ಲ ಬದಲಾಗುತ್ತದೆ. ಮೂವತ್ತನಾಲ್ಕು ವ್ಯಂಜನಗಳ ಪೂರ್ತಿ ಕಾಗುಣಿತವನ್ನು ತುಂಬುತ್ತೇನೆಂದರೆ ಸಾವಿರಕ್ಕೂ ಮಿಕ್ಕಿ ಟೈಲು ಬೇಕು. ಆದ್ದರಿಂದ ಬೇಕಾದಷ್ಟೇ ಅಕ್ಷರಗಳನ್ನು ಇಟ್ಟುಕೊಳ್ಳಬೇಕು. ಐದು ಊರಿನ ಹೆಸರುಗಳಲ್ಲಿ ಒತ್ತು ಬಿಟ್ಟು ಬೇರೆಬೇರೆ ಆಕಾರಗಳು ಹದಿನೈದು. ಅಥಣಿಯ 'ಣಿ' ನಿಪ್ಪಾಣಿಗೂ ಸಲ್ಲುತ್ತದೆ, ರಾಯಬಾಗದ 'ಗ' ಕಾಗವಾಡಕ್ಕೂ. ಹದಿನಾಲ್ಕು ಆಕಾರಗಳಿಗೆ ನಾಲ್ಕರಂತೆ 56. ಚಿಕ್ಕೋಡಿಯ 'ಕೋ' ಅಗಲವಾದ್ದರಿಂದ ಅದಕ್ಕೆ ಆರು. ಕ, ಪ ಒತ್ತುಗಳಿಗೆ ಒಂದೊಂದು. ಒಟ್ಟು 64, ಅಂದರೆ ಜಾಗದ ಕಾಲು ಪಾಲು. ಕಾಗವಾಡದ 'ಡ'ಗೂ ಚಿಕ್ಕೋಡಿಯ 'ಡಿ'ಗೂ ಕೆಳಗಿನ ಅರ್ಧ ಒಂದೇ ಇಟ್ಟು ತಲೆಕಟ್ಟು ಮತ್ತು ಗುಡಿಸನ್ನು ಮಾತ್ರ ಬೇರೆ ಬರೆದರೆ ಇನ್ನೂ ಎರಡು ಉಳಿತಾಯ. ಒತ್ತಿಗೆಂದು ಸಾಲಿನ ಎತ್ತರ 24 ಚುಕ್ಕಿ ಹಿಡಿದರೆ ಪರದೆಗೆ ಹತ್ತು ಸಾಲು, ಸಾಲಿಗೆ ಹದಿನಾರು ಅಕ್ಷರ. ಒಂದು ಆಟದ ಸೂಚನೆಗಳಿಗೆ ಇದು ಧಾರಾಳ. ಅಂದಿನ ಪರದೆಯಲ್ಲಿ ಕನ್ನಡವಾಗಲಿ ಮರಾಠಿಯಾಗಲಿ ಕಾಣದಿದ್ದುದಕ್ಕೆ ಯಂತ್ರದ ಮಿತಿ ಕಾರಣವೆಂದು ಹೇಳುವಂತಿಲ್ಲ.

ಈಗ ಸಿಸಿ65 ಎಂಬ ಉಚಿತ ಕಂಪೈಲರ್ ಇದೆ. ಸಿ ಭಾಷೆಯಲ್ಲಿ ಬರೆದು ಎಮ್ಯುಲೇಟರ್‌ನಲ್ಲಿ ಪರೀಕ್ಷಿಸಿ ಹಳೇ ಯಂತ್ರಕ್ಕೇ ಆಟ ಕೊಡಬಹುದು. ಹಳೆಯ ಆಟವನ್ನು ತಿದ್ದುವವರು ಕಾನೂನನ್ನೂ ನೋಡಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಗೆ ಸಮ. ಆದ್ದರಿಂದ ಇಡೀ ಆಟವನ್ನು ಹಂಚದೆ, ಬದಲಾದ ಬೈಟುಗಳಷ್ಟೇ ಇರುವ ಐಪಿಎಸ್ ಪ್ಯಾಚ್ ಕೊಡುವುದು ಹವ್ಯಾಸಿಗಳ ರೂಢಿ.

ಏನನ್ನು ತಿದ್ದಬಹುದು? ಕಬ್ಬಿನ ಹಂಗಾಮಿನಲ್ಲಿ ಈ ತಾಲ್ಲೂಕುಗಳ ರಸ್ತೆಯ ಮೇಲೆ ಕಾಣುವುದನ್ನೇ ತೆಗೆದುಕೊಳ್ಳೋಣ: ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್. ಎಕ್ಸೈಟ್‌ಬೈಕಿನಲ್ಲಿ ಬೈಕಿನ ಬದಲು ಅದನ್ನು ಓಡಿಸೋಣ ಎಂದರೆ ತೊಡಕು ಕೂಡಲೇ ಎದುರಾಗುತ್ತದೆ. ಯಂತ್ರ ಒಂದು ಅಡ್ಡ ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸಲಾರದು. ಟ್ರ್ಯಾಕ್ಟರಿಗೆ ಮೂರು, ಟ್ರೇಲರಿಗೆ ನಾಲ್ಕರಂತೆ ಹನ್ನೊಂದಾಯಿತು; ಹಿಂದಿನ ಟ್ರೇಲರ್ ಮಿಣುಕುತ್ತದೆ, ಇಲ್ಲವೇ ಮಾಯವಾಗುತ್ತದೆ. ಮೇಲಿನಿಂದ ನೋಡುವ ಕೊನಾಮಿಯ ರೋಡ್ ಫೈಟರ್‌ನಲ್ಲಿ ಅದೇ ಗಾಡಿ ಪರದೆಯ ಮೇಲೆ ಉದ್ದುದ್ದ ನಿಲ್ಲುತ್ತದೆ, ಗೆರೆಗೆ ಎರಡೇ ತುಣುಕು. ಜೊತೆಗೆ ಇಂಧನ ಖಾಲಿಯಾಗುವ ನಿಯಮ ಅದರಲ್ಲಿ ಮೊದಲೇ ಇದೆ. ಹಿಂದೆ ಬರುವ ಟ್ರೇಲರು ತಿರುವಿನಲ್ಲಿ ತಡವಾಗಿ ತಿರುಗುವಂತೆ ಮಾಡಲು ಟ್ರ್ಯಾಕ್ಟರಿನ ಕಳೆದ ಕೆಲವು ಸ್ಥಾನಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಸ್ಥಾನಕ್ಕೊಂದು ಬೈಟಿನಂತೆ 32 ಬೈಟು. ಎರಡು ಕಿಲೊಬೈಟಿನ ಆ ಯಂತ್ರದಲ್ಲಿ ಇಷ್ಟು ಜಾಗ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಚಿತ್ರ ಬದಲಿಸುವುದು ಒಂದು ಸಂಜೆಯ ಕೆಲಸ. ನಿಜವಾದ ಪ್ರೋಗ್ರಾಮಿಂಗ್ ಇರುವುದು ಆ ತಡವಾದ ತಿರುವಿನಲ್ಲಿ, ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಲಿ.