ಅಡಗಿದ ನರಿಯ ಹಿಂದೆ ಓಡಿದವರು

ಹ್ಯಾಮ್ ರೇಡಿಯೊ, ಎಂದರೆ ಹವ್ಯಾಸಕ್ಕಾಗಿ ನಡೆಸುವ ರೇಡಿಯೊ ಸಂಪರ್ಕದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಏನಾದರೂ ಬಂತೆಂದರೆ ಎಲ್ಲೋ ನೆರೆ ಬಂದಿದೆ, ಇಲ್ಲವೇ ಭೂಮಿ ನಡುಗಿದೆ ಎಂದು ತಿಳಿದುಕೊಳ್ಳಬಹುದು. 2001ರ ಭುಜ್ ಭೂಕಂಪ, 2004ರ ಸುನಾಮಿಯ ಹೊತ್ತಿನಲ್ಲಿ ಪೋರ್ಟ್ ಬ್ಲೇರ್‌ನಿಂದ ಹ್ಯಾಮ್ ಭಾರತಿ ಪ್ರಸಾದ್ ನಡೆಸಿದ ಸಂಪರ್ಕ, ಇವೆಲ್ಲ ಬರೆಯಲೇಬೇಕಾದ ಸಂಗತಿಗಳೇ. ಆದರೆ ಅವನ್ನು ಓದಿದವರಿಗೆ ಈ ಹವ್ಯಾಸಿಗಳು ಉಳಿದ ದಿನಗಳಲ್ಲಿ ಏನು ಮಾಡಿಕೊಂಡಿರುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಆ ಉಳಿದ ದಿನಗಳ ಆಟಗಳಲ್ಲೊಂದು ಫಾಕ್ಸ್ ಹಂಟ್, ನಮ್ಮ ಬಾಯಲ್ಲಿ ನರಿ ಬೇಟೆ. ಕ್ಲಬ್ಬಿನವರೊಬ್ಬರು ಸಣ್ಣದೊಂದು ಟ್ರಾನ್ಸ್‌ಮಿಟರನ್ನು ಎಲ್ಲೋ ಬಚ್ಚಿಟ್ಟು ಬರುತ್ತಾರೆ. ಮಿಕ್ಕವರು ರಿಸೀವರ್, ಆಂಟೆನಾ ಹಿಡಿದು ಅದನ್ನು ಹುಡುಕುತ್ತಾರೆ.

ಈಚೆಗೆ ಇದರ ಬಗ್ಗೆ ಎರಡು ಬಗೆಯ ಮಾತು ಕಿವಿಗೆ ಬೀಳುತ್ತಿದೆ. ಮೊಬೈಲಿನಲ್ಲಿ ಲೊಕೇಶನ್ ಕಳಿಸುವ ಕಾಲದಲ್ಲಿ ಇದೆಲ್ಲ ಮಕ್ಕಳಾಟ ಎನ್ನುವವರು ಒಂದು ಕಡೆ. 2024ರಲ್ಲಿ ಬಂದ ‘ಏ ವತನ್ ಮೇರೆ ವತನ್’ ಸಿನಿಮಾ ನೋಡಿ, ವ್ಯಾನಿನ ಮೇಲೆ ಆಂಟೆನಾ ತಿರುಗಿಸಿದರೆ ಸಾಕು, ಟ್ರಾನ್ಸ್‌ಮಿಟರ್ ಇರುವ ಮನೆ ತಾನಾಗಿ ಗೊತ್ತಾಗುತ್ತದೆ ಎಂದುಕೊಂಡವರು ಇನ್ನೊಂದು ಕಡೆ. ಇಬ್ಬರೂ ನರಿ ಹುಡುಕಲು ಹೊರಟವರಲ್ಲ.

ಪೂರ್ವಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಇಟಲಿಯ ಬೆಲ್ಲಿನಿ ಮತ್ತು ಟೋಸಿ ಒಂದಕ್ಕೊಂದು ಅಡ್ಡ ನಿಲ್ಲಿಸಿದ ಎರಡು ಲೂಪ್‌ಗಳಿಂದ ಸಿಗ್ನಲ್ಲಿನ ದಿಕ್ಕು ಕಂಡುಹಿಡಿಯುವ ಯಂತ್ರ ರೂಪಿಸಿದ್ದು 1907ರ ಸುಮಾರಿಗೆ. 1916ರಲ್ಲಿ ಜರ್ಮನ್ ನೌಕಾಪಡೆ ಕದಲುತ್ತಿದೆ ಎಂದು ಬ್ರಿಟಿಷರು ಊಹಿಸಿದ್ದು ಒಂದು ಹಡಗಿನ ಸಿಗ್ನಲ್ ಬರುವ ದಿಕ್ಕು ಒಂದೂವರೆ ಡಿಗ್ರಿಯಷ್ಟು ಸರಿದದ್ದರಿಂದ. ಅದರ ಬೆನ್ನಿಗೇ ಜಟ್‌ಲ್ಯಾಂಡ್ ಕದನ. ಎರಡನೆಯ ಮಹಾಯುದ್ಧದ ಅಟ್ಲಾಂಟಿಕ್‌ನಲ್ಲಿ ಸಬ್‌ಮರೀನ್‌ಗಳ ಚುಟುಕು ಸಂದೇಶ ಹಿಡಿದು ಅವುಗಳ ಜಾಡು ಹತ್ತಿದ ಹಫ್-ಡಫ್ ಎಂಬ ಯಂತ್ರ ಕೂಡ ಇದೇ ವಂಶದ್ದು. ಯುದ್ಧ ಶುರುವಾದ 1939ರಲ್ಲಿ ಸರಕಾರ ಭಾರತದ ಹ್ಯಾಮ್‌ಗಳ ಲೈಸೆನ್ಸ್‌ಗಳನ್ನು ನಿಲ್ಲಿಸಿತ್ತು. 1942ರ ಆಗಸ್ಟಿನಿಂದ ನವೆಂಬರ್‌ವರೆಗೆ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು 42.34 ಮೀಟರ್‌ನಲ್ಲಿ ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೊ (ಆ ಸಿನಿಮಾದ ಕಥೆ ಇದೇ) ಮನೆಯಿಂದ ಮನೆಗೆ ಜಾಗ ಬದಲಿಸುತ್ತಿತ್ತು, ಪೊಲೀಸರ ವ್ಯಾನ್‌ಗಳು ಹಿಂದೆ ಬಿದ್ದಿದ್ದವು. ಕೊನೆಗೆ ಅವರನ್ನು ಹಿಡಿಸಿದ್ದು ಒಳಗಿನ ತಂತ್ರಜ್ಞನೊಬ್ಬ ಕೊಟ್ಟ ಸುಳಿವು. ಸಿನಿಮಾ ನೋಡಿದ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ: ಕಿಕ್ಕಿರಿದ ನಗರದಲ್ಲಿ ಯಂತ್ರ ಬೀದಿಯವರೆಗೆ ತಂದು ಬಿಡುತ್ತದೆ, ಬಾಗಿಲು ತೋರಿಸುವುದಿಲ್ಲ.

ಯುದ್ಧ ಮುಗಿದ ಮೇಲೆ ಇದು ಆಟವಾಗಿ ಬೆಳೆಯಿತು, ಬೆಳೆಯುತ್ತಲೇ ಎರಡು ದಾರಿ ಹಿಡಿಯಿತು. ಅಮೆರಿಕದವರು ಕಾರು ಹತ್ತಿದರು. ಎರಡು ಮೀಟರ್ ಅಲೆಯುದ್ದದ ಬ್ಯಾಂಡಿನ ನರಿಯನ್ನು ಹುಡುಕುತ್ತ ನೂರಾರು ಮೈಲಿ ಓಡಾಡುವ ದಿನವಿಡೀ ಬೇಟೆಗಳು ಕ್ಯಾಲಿಫೋರ್ನಿಯದಲ್ಲಿ ಬೆಳೆದವು. ಜೋ ಮೋಯೆಲ್ ಮತ್ತು ಥಾಮಸ್ ಕರ್ಲೀ 1987ರಲ್ಲಿ ಬರೆದ ‘ಟ್ರಾನ್ಸ್‌ಮಿಟರ್ ಹಂಟಿಂಗ್’ ಪುಸ್ತಕ ಆ ಪಂಥದ ಪಾಠಪುಸ್ತಕ. ನಮ್ಮಲ್ಲಿ ಅದರ ಜೆರಾಕ್ಸ್ ಪ್ರತಿಗಳು ಕೈಯಿಂದ ಕೈಗೆ ಓಡಾಡಿವೆ. ಉತ್ತರ ಮತ್ತು ಪೂರ್ವ ಯುರೋಪಿನವರು ಕಾಡಿಗೆ ನಡೆದುಹೋದರು. ಅವರ ಹತ್ತಿರ ನಕಾಶೆ ಹಿಡಿದು ಗುರುತುಗಳನ್ನು ಹುಡುಕುತ್ತ ಓಡುವ ಓರಿಯೆಂಟೀರಿಂಗ್ ಎಂಬ ಹಳೆಯ ಆಟವಿತ್ತು, ಅದಕ್ಕೆ ಬೇಕಾದ ನಕಾಶೆಗಳಿದ್ದವು. 1961ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು, 1980ರಲ್ಲಿ ಪೋಲೆಂಡಿನ ಚೆಟ್ನೇವೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. ಸೋವಿಯತ್ ಒಕ್ಕೂಟದಲ್ಲಿ ಇದು ಪದವಿ, ಪದಕಗಳಿರುವ ಅಧಿಕೃತ ಕ್ರೀಡೆಯೇ ಆಗಿತ್ತು.

ಆ ಕಾಡಿನ ಆಟದ ನಿಯಮ ಇಲ್ಲಿ ಹೇಳಬೇಕು, ಏಕೆಂದರೆ ಅದರ ಸೊಗಸು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ನರಿಗಳು ಐದು. ಎಲ್ಲವೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೊಂದು ಒಂದು ನಿಮಿಷ, ಸರದಿಯಂತೆ ಕೂಗುತ್ತವೆ. ಮೋರ್ಸ್‌ನಲ್ಲಿ ಎಂ, ಓ ಎರಡು ಅಕ್ಷರ ಎಲ್ಲಕ್ಕೂ ಸಮಾನ. ಅದರ ನಂತರ ಮೊದಲ ನರಿಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ. ಮೋರ್ಸ್ ಬಾರದವನಿಗೂ ಎಣಿಸಲು ಬಂದರೆ ಸಾಕು. ನಿಮ್ಮ ನರಿ ಕೂಗುವ ಅರವತ್ತು ಸೆಕೆಂಡಿನಲ್ಲಿ ದಿಕ್ಕು, ಎಂದರೆ ಬೇರಿಂಗ್, ಹಿಡಿಯಬೇಕು, ನಕಾಶೆಯ ಮೇಲೆ ಗೆರೆ ಎಳೆಯಬೇಕು. ಆಮೇಲೆ ನಾಲ್ಕು ನಿಮಿಷ ಅದು ಸುಮ್ಮನಿರುತ್ತದೆ. ಆ ನಾಲ್ಕು ನಿಮಿಷ ಯಾವ ಕಡೆ ಓಡಬೇಕು, ಗುಡ್ಡ ಹತ್ತಬೇಕೋ ಬಳಸಿ ಹೋಗಬೇಕೋ, ಅಷ್ಟರೊಳಗೆ ಕೂಗುವ ಇನ್ನೊಂದು ನರಿಯ ಬೇರಿಂಗ್ ತೆಗೆದುಕೊಳ್ಳಬೇಕೋ ಎಂಬ ಲೆಕ್ಕದಲ್ಲೇ ಆಟ ಇರುವುದು. ಓಟದಲ್ಲಿ ಗಟ್ಟಿಗನಾದವನು ಸೋಲುವುದನ್ನೂ ಅರವತ್ತು ದಾಟಿದವರು ಗೆಲ್ಲುವುದನ್ನೂ ಈ ಲೆಕ್ಕವೇ ಸಾಧ್ಯವಾಗಿಸುತ್ತದೆ. ವಯಸ್ಸಿನ ಪ್ರಕಾರ, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ವಿಭಾಗಗಳುಂಟು.

ಬೆಂಗಳೂರಿಗೆ ಬರೋಣ. ಇಲ್ಲಿನ ಅಮೆಚೂರ್ ರೇಡಿಯೊ ಕ್ಲಬ್ ಶುರುವಾದದ್ದು 1959ರಲ್ಲಿ. ನಾನು ಬಲ್ಲದ್ದು ಎಂಬತ್ತರ ದಶಕದಿಂದ ಈಚಿನ ಕಾಲ. ವಿದೇಶಿ ರಿಗ್ (ರೇಡಿಯೊ ಸೆಟ್) ಎಂದರೆ ಕಸ್ಟಮ್ಸ್, ಪರವಾನಗಿ, ಕೈಗೆಟುಕದ ಬೆಲೆ. ಆದ್ದರಿಂದ ಎಲ್ಲವೂ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನ ಮಾಲು. ಬಿಇಎಲ್ ಟ್ರಾನ್ಸಿಸ್ಟರ್‌ಗಳು, ಡಿಸ್ಪೋಸಲ್‌ನಲ್ಲಿ ಬಂದ ಹರಳುಗಳು (ಕ್ರಿಸ್ಟಲ್), ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೊದಿಂದ ಬಿಚ್ಚಿದ ಫೆರೈಟ್ ರಾಡು. 1982ರ ಏಷ್ಯಾಡ್ ಹೊತ್ತಿಗೆ ಶುರುವಾದ ಟಿವಿ ಭರಾಟೆಯಲ್ಲಿ ಮನೆ ಮನೆಯ ಮೇಲೆ ಎದ್ದ ಅಲ್ಯೂಮಿನಿಯಂ ಆಂಟೆನಾಗಳು ಗಾಳಿಗೆ ಬಿದ್ದು ಗುಜರಿ ಸೇರಿದಾಗ ನಮಗೆ ಹಬ್ಬ. ಅದೇ ಕೊಳವೆ ಕತ್ತರಿಸಿ, ಒಂದೊಂದೂ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಮೂರು ಎಲಿಮೆಂಟಿನ ಯಾಗಿ ಎಂಬ ದಿಕ್ಕು ಹಿಡಿಯುವ ಆಂಟೆನಾ ಮಾಡಿಕೊಳ್ಳುತ್ತಿದ್ದೆವು. ಭಾನುವಾರ ಬೆಳಗ್ಗೆ ಸ್ಕೂಟರಿನ ಹಿಂದೆ ಕೂತವನು ಅದನ್ನು ಹಿಡಿದುಕೊಂಡು ಹೋಗುವಾಗ ಸಿಗ್ನಲ್ಲಿನಲ್ಲಿ ನಿಂತವರು ಕೇಳುತ್ತಿದ್ದ ಮೊದಲ ಪ್ರಶ್ನೆ, “ಯಾವ ಚಾನೆಲ್ ಬರತ್ತೆ ಇದರಲ್ಲಿ?” ತೊಂಬತ್ತರ ದಶಕದಲ್ಲಿ ಅದು “ಕೇಬಲ್‌ನವರಾ?” ಎಂದು ಬದಲಾಯಿತು.

ನಮ್ಮಲ್ಲೂ ಎರಡು ಗುಂಪಾಯಿತು. ದೊಡ್ಡದು ಎರಡು ಮೀಟರ್ ಗುಂಪು, ವಾಹನ ಹತ್ತುವವರದು. ಸಣ್ಣದು ಎಂಬತ್ತು ಮೀಟರ್ ಗುಂಪು, 3.5 ಮೆಗಾಹರ್ಟ್ಸ್‌ನಲ್ಲಿ ನಡೆದು ಹುಡುಕುವವರದು. ನಾನು ಎರಡನೆಯದಕ್ಕೆ ಸೇರಿದವನು. ಓದುಗರು ಮುಂದಿನ ಮಾತುಗಳನ್ನು ಆ ವಟ್ಟ ಕಳೆದು ಓದಿಕೊಳ್ಳಲಿ. ಅದನ್ನು ಕಲಿಸಿದವರು ಸೇನೆಯ ಸಿಗ್ನಲ್ಸ್‌ನಿಂದ ನಿವೃತ್ತರಾದ ಹಿರಿಯರೊಬ್ಬರು. “ಜೋರು ಕೇಳೋ ಕಡೆ ಓಡಬೇಡಿ ಮಾರಾಯ್ರೆ, ಎಲ್ಲಿ ಸಾಯ್ತದೆ ನೋಡಿ” ಎಂದು ಅವರು ಹೇಳಿದ್ದು ನಮಗೆ ಮೊದಲು ಅರ್ಥವಾಗಿರಲಿಲ್ಲ.

ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇದ್ದರೆ ಯಾರಾದರೂ ಪರೀಕ್ಷಿಸಬಹುದು. ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಚ್ಚಿ, ಸೆಟ್ಟನ್ನು ಮೇಜಿನ ಮೇಲೆ ನಿಧಾನ ತಿರುಗಿಸುತ್ತ ಹೋಗಿ. ಬಹುದೂರ ತಿರುಗಿಸಿದರೂ ದನಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದು ಕಡೆ ಮಾತ್ರ ತಟ್ಟನೆ ಕುಗ್ಗಿ ಸೊರಸೊರ ಸದ್ದು ಮೇಲೇಳುತ್ತದೆ. ಅಲ್ಲಿಂದ ಬೆರಳಗಲ ಸರಿಸಿದರೂ ದನಿ ವಾಪಸ್. ಆಗ ಒಳಗಿನ ಫೆರೈಟ್ ರಾಡಿನ ತುದಿ ಸ್ಟೇಷನ್ನಿನ ಕಡೆ ನೆಟ್ಟಗೆ ಚಾಚಿರುತ್ತದೆ. ಇದೇ ನಲ್. ಜೋರು ಕೇಳುವ ದಿಕ್ಕು ಅಗಲ, ಸಾಯುವ ದಿಕ್ಕು ಚೂಪು. ತೊಡಕು ಒಂದೇ: ರಾಡಿಗೆ ಎರಡು ತುದಿ, ನರಿ ಮುಂದಿದೆಯೋ ಹಿಂದಿದೆಯೋ ಇದರಿಂದ ತಿಳಿಯದು. ಅದಕ್ಕೆ ಪಕ್ಕದಲ್ಲೊಂದು ಪುಟ್ಟ ಕಡ್ಡಿ ಆಂಟೆನಾ ಇಟ್ಟು, ಗುಂಡಿ ಒತ್ತಿದಾಗ ಅದರ ಸಿಗ್ನಲ್ಲನ್ನೂ ಬೆರೆಸುತ್ತಾರೆ. ಆಗ ಒಂದು ಮಗ್ಗುಲು ಜೋರು, ಇನ್ನೊಂದು ಕ್ಷೀಣ. ಗುಂಡಿ ಒತ್ತಿ ಮಗ್ಗುಲು ತಿಳಿ, ಬಿಟ್ಟು ನಲ್ ಹಿಡಿ, ಓಡು.

ಎರಡು ಮೀಟರ್‌ನಲ್ಲಿ ಈ ಸುಖವಿಲ್ಲ. ಅಲೆ ಚಿಕ್ಕದು, ಗೋಡೆಗೂ ಬಂಡೆಗೂ ಬಡಿದು ಬರುತ್ತದೆ. ಬೆಂಗಳೂರಿನ ತುರಹಳ್ಳಿಯಂಥ ಕಡೆ ಬಂಡೆಗಳ ನಡುವೆ ನಿಂತರೆ ಒಂದೇ ನರಿ ಮೂರು ದಿಕ್ಕಿನಿಂದ ಕೂಗುತ್ತದೆ. ಈಗಿನ ಗಾಜಿನ ಕಟ್ಟಡಗಳ ನಡುವೆ ಹೇಳುವುದೇ ಬೇಡ. ಆ ಗುಂಪಿನವರೂ ಜಾಣರೇ, ಅವರ ಉಪಾಯಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ. ಹ್ಯಾಂಡಿಯನ್ನು (ಕೈಯಲ್ಲಿ ಹಿಡಿಯುವ ಸೆಟ್) ಎದೆಗೆ ಒತ್ತಿಕೊಂಡು ನಿಂತಲ್ಲೇ ಒಂದು ಸುತ್ತು ಸುತ್ತಿದರೆ ನಮ್ಮ ದೇಹವೇ ಅಡ್ಡವಾಗಿ, ನರಿ ಬೆನ್ನ ಹಿಂದಿರುವಾಗ ಸಿಗ್ನಲ್ ಇಳಿಯುತ್ತದೆ. ತೀರ ಹತ್ತಿರ ಬಂದು ಮೀಟರಿನ ಗೀಟೆಲ್ಲ ತುಂಬಿಹೋದಾಗ, 145 ಮೆಗಾಹರ್ಟ್ಸ್‌ನ ನರಿಯನ್ನು ಅದರ ಮೂರು ಪಟ್ಟು, ಎಂದರೆ 435ರಲ್ಲಿ ಹುಡುಕುತ್ತಾರೆ; ಸೋರಿಬರುವ ಆ ಕ್ಷೀಣ ಹಾರ್ಮೋನಿಕ್ ಹತ್ತಡಿಯೊಳಗಿನ ದಾರಿ ತೋರಿಸುತ್ತದೆ.

ನನ್ನ ತಕರಾರು ಎಫ್‌ಎಂ ಬಗ್ಗೆ. ವಿಶ್ವ ಚಾಂಪಿಯನ್‌ಷಿಪ್‌ನ ಎರಡು ಮೀಟರ್ ನರಿ ಎಎಂನಲ್ಲಿ ಕೂಗುತ್ತದೆ. ಅದಕ್ಕೆ ಕಾರಣವಿದೆ: ಎಎಂನಲ್ಲಿ ಸಿಗ್ನಲ್ಲಿನ ಏರಿಳಿತ ಕಿವಿಗೆ ಸಿಗುತ್ತದೆ. ಎಫ್‌ಎಂ ರಿಸೀವರ್ ಆ ಏರಿಳಿತವನ್ನೇ ಕತ್ತರಿಸಿ ಹಾಕುವಂತೆ ಕಟ್ಟಿದ ಯಂತ್ರ. ಹತ್ತಿರದ ನರಿ, ದೂರದ ನರಿ, ದನಿ ಎರಡರದೂ ಒಂದೇ. ನೋಡಬೇಕಾದ್ದು ಪರದೆಯ ಮೇಲಿನ ಗೀಟುಗಳನ್ನು. ನಮ್ಮಲ್ಲಿ ಎಲ್ಲರ ಕೈಯಲ್ಲಿದ್ದದ್ದು ಎಫ್‌ಎಂ ಹ್ಯಾಂಡಿ, ಹಾಗಾಗಿ ನರಿಯೂ ಎಫ್‌ಎಂ ಆಯಿತು. 2012ರಿಂದೀಚೆ ಚೀನಾದ ಬಾವೊಫೆಂಗ್ ಅಗ್ಗಕ್ಕೆ ಸಿಗತೊಡಗಿದ ಮೇಲಂತೂ ಬೇರೆ ಮಾತೇ ಇಲ್ಲ. ಹೊಸಬರು ಬಂದದ್ದು ಅದರಿಂದಲೇ, ಅದನ್ನು ಒಪ್ಪಿಕೊಳ್ಳಬೇಕು. ಸ್ಟೀಲಿನ ಅಳತೆ ಟೇಪು ಕತ್ತರಿಸಿ ಪಿವಿಸಿ ಪೈಪಿಗೆ ಕಟ್ಟುವ ಯಾಗಿಯನ್ನು ಕಾಲೇಜು ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವುದನ್ನು ನೋಡಿದ್ದೇನೆ. ಮಡಚಿದರೂ ಮುರಿಯದ ಅಂಥ ಆಂಟೆನಾ ನಮ್ಮ ಕಾಲದಲ್ಲಿ ಇರಲಿಲ್ಲ. ಆದರೆ ಬೇಟೆ ಹ್ಯಾಮ್‌ಗಳ ಸಮ್ಮೇಳನದ ಎರಡನೆಯ ದಿನ ಊಟಕ್ಕೆ ಮುಂಚೆ ಮುಗಿಯುವ ಪಿಕ್ನಿಕ್ಕಾಗಿ ಉಳಿಯಿತು.

ಈಗಿನ ಫ್ಯಾಷನ್ ಎಸ್‌ಡಿಆರ್, ಎಂದರೆ ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೊ. ಐದು ರಿಸೀವರ್‌ಗಳನ್ನು ಒಂದೇ ತಾಳಕ್ಕೆ ಕಟ್ಟಿದ ಕ್ರಾಕೆನ್‌ಎಸ್‌ಡಿಆರ್ ಕಾರಿನ ಮೇಲಿನ ಐದು ಆಂಟೆನಾಗಳಿಂದ ದಿಕ್ಕು ಲೆಕ್ಕ ಹಾಕಿ ಮೊಬೈಲಿನ ನಕಾಶೆಯ ಮೇಲೆ ಬಣ್ಣ ಹಚ್ಚುತ್ತದೆ. ಒಳ್ಳೆಯ ಯಂತ್ರ, ರಿಪೀಟರ್ ಮೇಲೆ ಕಿರಿಕಿರಿ ಮಾಡುವವರನ್ನು ಹುಡುಕಲು ಹೇಳಿ ಮಾಡಿಸಿದ್ದು. ಅದರಿಂದ ಕಾಲ್ನಡಿಗೆಯ ಆಟ ಹಳತಾಯಿತು ಎಂಬ ವಾದ ಮಾತ್ರ ನನಗೆ ತಿಳಿಯುವುದಿಲ್ಲ. ಉದಾಹರಣೆಗೆ, ವಿಮಾನದ ಅಪಾಯ ಸೂಚಕ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. ಭಾರತದಲ್ಲಿ ಆ ಸಂದೇಶಗಳು ಬಂದು ಸೇರುವುದು ಬೆಂಗಳೂರಿನ ಇಸ್ರೊ ಇಸ್ಟ್ರಾಕ್‌ಗೆ. ಅದೇ ಬೀಕನ್ ಇಂದಿಗೂ 121.5ರಲ್ಲಿ ಇನ್ನೊಂದು ಸಣ್ಣ ದನಿ ಹೊರಡಿಸುತ್ತದೆ. ಉಪಗ್ರಹಗಳು ಅದನ್ನು ಕೇಳುವುದನ್ನು 2009ರಲ್ಲೇ ನಿಲ್ಲಿಸಿದವು. ಅದು ಇರುವುದು ಕಾಡಿನಲ್ಲಿ ಆಂಟೆನಾ ಹಿಡಿದು ಬರುವ ಮನುಷ್ಯನಿಗಾಗಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಅವುಗಳ ಓಡಾಟ ಗುರುತಿಸತೊಡಗಿದಾಗ ಮಾಡಿದ್ದೂ ಬೇರಿಂಗ್ ಮೇಲೆ ಬೇರಿಂಗ್ ತೆಗೆದುಕೊಳ್ಳುವ ಈ ಕೆಲಸವನ್ನೇ. ನಮ್ಮ ಕ್ಲಬ್ಬುಗಳಿಗೂ ಕಾಡಿನ ಆ ಅನುಭವಕ್ಕೂ ಆಗಲೇ ನಂಟು ಬೆಳೆಯಬಹುದಿತ್ತು.

ಏಷ್ಯಾದಲ್ಲಿ ಈ ಆಟ ಬೆಳೆಯಲಿಲ್ಲ ಎನ್ನುವಂತಿಲ್ಲ. ಚೀನಾದ ಶಾಲೆಗಳಲ್ಲಿ ಮಕ್ಕಳು ಎಂಬತ್ತು ಮೀಟರ್ ರಿಸೀವರ್ ಹಿಡಿದು ಓಡುತ್ತಾರೆ. 2000ದ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ನಾನ್‌ಜಿಂಗ್‌ನಲ್ಲಿ, 2008ರದ್ದು ಕೊರಿಯದ ಹ್ವಾಸೊಂಗ್‌ನಲ್ಲಿ. ನಾವು ಹಿಂದೆ ಬಿದ್ದದ್ದಕ್ಕೆ ಸೋಮಾರಿತನ, ಬಿಸಿಲು, ಪರವಾನಗಿ ಎಂದು ಕಾರಣ ಕೊಡುವುದು ವಾಡಿಕೆ. ನಕಾಶೆಯ ಮಾತನ್ನು ಯಾರೂ ಎತ್ತುವುದಿಲ್ಲ. ಕಾಡಿನ ಬೇಟೆಗೆ 1:10,000 ಅಥವಾ 1:15,000 ಪ್ರಮಾಣದ ನಕಾಶೆ ಬೇಕು. ಒಂದು ಸೆಂಟಿಮೀಟರಿಗೆ ನೂರು, ನೂರೈವತ್ತು ಮೀಟರ್. ಕಾಲುದಾರಿ, ಬೇಲಿ, ಹಳ್ಳ, ದೊಡ್ಡ ಬಂಡೆ ಅದರಲ್ಲಿ ಕಾಣಬೇಕು. ನಮಗೆ ದಕ್ಕುತ್ತಿದ್ದದ್ದು ಸರ್ವೆ ಆಫ್ ಇಂಡಿಯಾದ 1:50,000ದ ಶೀಟು. ಅದರಲ್ಲಿ ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್, ಇಡೀ ಬೇಟೆಯ ಬಯಲು ಹೆಬ್ಬೆರಳಿನಡಿ ಮುಚ್ಚಿಹೋಗುತ್ತದೆ. ಮಂಗಳೂರಿನ ಕಡೆಯ ಗೆಳೆಯರಿಗೆ, ಕರಾವಳಿಯೆಂಬ ಕಾರಣಕ್ಕೆ, ಅದೂ ಸಿಗುತ್ತಿರಲಿಲ್ಲ. ನಕಾಶೆಯಿಲ್ಲದವನು ರಸ್ತೆ ಹಿಡಿಯುತ್ತಾನೆ, ರಸ್ತೆ ಹಿಡಿದವನಿಗೆ ವಾಹನ ಬೇಕು. ನಮ್ಮ ಬೇಟೆ ಸ್ಕೂಟರು, ಕಾರು ಹತ್ತಿದ್ದು ಹೀಗೆ.

2005ರ ನಕಾಶೆ ನೀತಿ ಸ್ವಲ್ಪ ಬಾಗಿಲು ತೆರೆಯಿತು, 2021ರ ಫೆಬ್ರುವರಿಯ ಮಾರ್ಗಸೂಚಿ ಉಳಿದ ಅಡ್ಡಿಗಳಲ್ಲಿ ಬಹುಪಾಲನ್ನು ತೆಗೆದುಹಾಕಿತು. ಈ ನಡುವೆ ಯುರೋಪಿನವರು ಆಟವನ್ನೂ ಚಿಕ್ಕದು ಮಾಡಿದ್ದಾರೆ. ಸ್ಪ್ರಿಂಟ್ ಎಂಬ ಹೊಸ ಬಗೆಯಲ್ಲಿ ನರಿ ಎಂಬತ್ತು ಮೀಟರ್‌ನಲ್ಲಿ ಹನ್ನೆರಡೇ ಸೆಕೆಂಡು ಕೂಗುತ್ತದೆ, ಒಂದು ನಿಮಿಷದಲ್ಲಿ ಐದೂ ಸರದಿ ಮುಗಿಸುತ್ತವೆ, ಉದ್ಯಾನವೋ ಕಾಲೇಜು ಆವರಣವೋ ಇದ್ದರೆ ಸಾಕು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಷ್ಟು ಜಾಗಕ್ಕೆ 1:4,000ದ ನಕಾಶೆ ಬರೆಯುವುದು ಉಪಗ್ರಹ ಚಿತ್ರವನ್ನು ಎದುರಿಗಿಟ್ಟುಕೊಂಡು ಇಬ್ಬರು ಕೆಲವು ಭಾನುವಾರ ನಡೆದು ಮುಗಿಸುವ ಕೆಲಸ. ಇನ್ನು ನರಿ. ಟೆಲಿಫೋನಿನ ಟೋನ್ ಗುರುತಿಸುವ ಸರ್ಕ್ಯೂಟುಗಳಿಗೆ ಹಾಕುವ 3.579 ಮೆಗಾಹರ್ಟ್ಸ್ ಹರಳು ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲಾದರೂ ಡಬ್ಬಿಯಲ್ಲಿ ಬಿದ್ದಿರುತ್ತದೆ. ಆ ಫ್ರೀಕ್ವೆನ್ಸಿ ನಮಗೆ ಕೊಟ್ಟಿರುವ 3.5ರಿಂದ 3.7ರ ಬ್ಯಾಂಡಿನೊಳಗೇ ಬರುತ್ತದೆ. ಅದಕ್ಕೊಂದು ಟ್ರಾನ್ಸಿಸ್ಟರು, ಸರದಿ ಕಾಯಲು ಒಂದು ಆರ್ಡುಯಿನೊ, ಮರಕ್ಕೆ ಎಸೆಯಲು ಕೆಲವು ಮೀಟರ್ ವೈರು.