ಪಾದ್ರಿಯ ಮನೆ: ಚರಿತ್ರೆಯ ಒಂದು ಮರೆತ ಆಕರ

ಚರಿತ್ರೆಯೆಂದರೆ ಶಿಲಾಶಾಸನ, ತಾಮ್ರಪಟ, ಸರಕಾರಿ ದಫ್ತರ, ರಾಜರ ವಂಶಾವಳಿ ಎಂದು ನಾವು ಶಿಕ್ಷಕರು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ನಮ್ಮ ಸೀಮೆಯಲ್ಲಿ ಅಂಥ ಆಕರಗಳಿಗೆ ಕೊರತೆಯಿಲ್ಲ. ಸೊಲ್ಲಾಪುರದಲ್ಲಿ ಕೋಟೆಯಿದೆ, ಸಿದ್ಧರಾಮೇಶ್ವರನ ಗುಡಿಯೂ ಕೆರೆಯೂ ಇವೆ. ಅಕ್ಕಲಕೋಟೆಯಲ್ಲಿ ಭೋಸಲೆ ಸಂಸ್ಥಾನಿಕರ ಅರಮನೆಯಿದೆ, 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಸ್ಥಾನವಿದೆ. ಇವುಗಳ ಮೇಲೆ ಲೇಖನಗಳು ಬಂದಿವೆ, ಇನ್ನೂ ಬರುವವು. ಆದರೆ ಮನುಷ್ಯನು ಬಾಳಿದ ಮನೆಯ ನೆನಪೂ ಚರಿತ್ರೆಯ ಆಕರವೇ ಎಂಬ ಮಾತನ್ನು ನಾವು ಬಾಯಿಂದ ಒಪ್ಪಿದರೂ ಕೈಯಿಂದ ನಡೆಸುವುದಿಲ್ಲ. ಈ ಮರವೆಗೆ ನಾವೂ ಹೊರತಲ್ಲ. ಅದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ಪ್ರಾಮಾಣಿಕತೆ.

ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆ ತಾಲೂಕಿನ ವಯೋವೃದ್ಧ ನಿವೃತ್ತ ಶಿಕ್ಷಕರೊಬ್ಬರು ಮೊಮ್ಮಗನ ದಾಖಲೆಯ ಕೆಲಸಕ್ಕಾಗಿ ನಮ್ಮ ಸಾಲೆಗೆ ಬಂದಿದ್ದರು. ಅವರದು ಪಾದ್ರಿಗಳ ಮನೆತನ. ಜನ್ಮದಿನಾಂಕಕ್ಕೆ ಆಧಾರ ಬೇಕೆಂದಾಗ ಅವರು ಕೈಚೀಲದಿಂದ ಒಂದು ಹಳೆಯ ಸತ್ಯವೇದದ ಪ್ರತಿಯನ್ನು ಹೊರತೆಗೆದರು. ಅದರ ಮೊದಲಿನ ಖಾಲಿ ಹಾಳೆಗಳ ಮೇಲೆ ಮೂರು ತಲೆಮಾರಿನ ಜನನ, ದೀಕ್ಷಾಸ್ನಾನ, ಮದುವೆ, ಮರಣಗಳ ಟಿಪ್ಪಣಿಯಿತ್ತು. ಅಜ್ಜನ ಕೈಬರಹ ಕನ್ನಡ, ತಂದೆಯದು ಬಾಳಬೋಧ ಮರಾಠಿ, ಮಗನದು ಇಂಗ್ಲಿಷು. ನಡುನಡುವೆ ವರ್ಗಾವಣೆಯಾದ ಊರುಗಳ ಹೆಸರು, ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಸಂಗತಿ. ಒಂದು ಸಾಲಂತೂ ನಮ್ಮ ಮನಸ್ಸಿನಿಂದ ಹೋಗಿಲ್ಲ. ಬೆಳಿಗ್ಗೆ ಚಿಕ್ಕ ಮಗಳು ತೀರಿಕೊಂಡಳೆಂದೂ, ಮಣ್ಣು ಮಾಡಿ ಬಂದು ಸಂಜೆ ಪಕ್ಕದ ಹಳ್ಳಿಯಲ್ಲಿ ಗೊತ್ತಾಗಿದ್ದ ಆರಾಧನೆಯನ್ನು ನಡೆಸಿದೆನೆಂದೂ ಅಜ್ಜ ಒಂದೇ ವಾಕ್ಯದಲ್ಲಿ ಬರೆದಿಟ್ಟಿದ್ದರು. ಅದರ ಮುಂದೆ ಒಂದು ಮಾತೂ ಇರಲಿಲ್ಲ.

“ದೀಪಾವಳಿ ಸೂಟಿಯಲ್ಲಿ ನಿಮ್ಮ ಊರಿಗೆ ಬಂದು ಇದನ್ನೆಲ್ಲ ನಕಲು ಮಾಡಿಕೊಳ್ಳುತ್ತೇವೆ ಗುರುಗಳೇ” ಎಂದು ನಾವು ಹೇಳಿದೆವು. “ಅವಶ್ಯ ಬರ್ರಿ, ನಾ ಇರೂತನಕ ಪುಸ್ತಕ ಎಲ್ಲೂ ಹೋಗೂದಿಲ್ಲ” ಎಂದರು. ದೀಪಾವಳಿ ಹೋಯಿತು, ಪರೀಕ್ಷೆ, ತಪಾಸಣೆ, ಪ್ರವೇಶಗಳ ಗದ್ದಲ ಬಂತು. ಬೇಸಗೆಯಲ್ಲಿ ಹೋದಾಗ ಗುರುಗಳು ತೀರಿಹೋಗಿ ಎರಡು ತಿಂಗಳಾಗಿತ್ತು. ಮನೆ ಖಾಲಿಯಾಗಿತ್ತು. ಹಳೆಯ ಪುಸ್ತಕಗಳೆಲ್ಲ ರದ್ದಿಗೆ ಹೋದವೆಂದು ನೆರೆಯವರು ಹೇಳಿದರು. ತಪ್ಪು ಯಾರದೂ ಅಲ್ಲ, ನಮ್ಮದೇ. ಆ ತಪ್ಪೇ ಈ ಲೇಖನಕ್ಕೆ ಕಾರಣವಾಗಿದೆ.

ಎರಡು ಮಿಶನ್ನುಗಳ ನಡುವೆ

ನಮ್ಮ ಸೀಮೆಯ ಪಾದ್ರಿಯ ಮನೆಯನ್ನು ತಿಳಿಯಬೇಕಾದರೆ ಅದು ಎಲ್ಲಿ ನಿಂತಿದೆಯೆಂಬುದನ್ನು ಮೊದಲು ನೋಡಬೇಕು. ಉತ್ತರದಿಂದ ಬಂದದ್ದು ಅಮೇರಿಕನ್ ಮರಾಠಿ ಮಿಶನ್. ಅದು 1813ರಲ್ಲಿ ಮುಂಬಯಿಯಲ್ಲಿ ಕಾಲಿಟ್ಟು, 1831ರಲ್ಲಿ ಅಹಮದನಗರದಲ್ಲಿ ನೆಲೆಗೊಂಡು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರದವರೆಗೆ ಹಬ್ಬಿತು. ಅದರ ಭಾಷೆ ಮರಾಠಿ. ದಕ್ಷಿಣದಲ್ಲಿ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೂ ಆಮೇಲೆ ಹುಬ್ಬಳ್ಳಿ ಬೆಟಗೇರಿಗಳಿಗೂ ಕೈಚಾಚಿತು. ಅದರ ಭಾಷೆ ಕನ್ನಡ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮಗ್ಗದ ಓಣಿಯಲ್ಲಿ ತೆಲುಗು ಕೇಳುವ ಸೊಲ್ಲಾಪುರವು ಈ ಎರಡರ ನಡುವಿನ ಸೀಮೆ. ಮೇಲೆ ಹೇಳಿದ ಸತ್ಯವೇದದ ಹಾಳೆಯಲ್ಲಿ ಅಕ್ಷರ ಬದಲಾದದ್ದು ಇದೇ ಕಾರಣದಿಂದ. ಗಡಿನಾಡಿನಲ್ಲಿ ಭಾಷೆ ಬದಲಾಗುವ ಬಗೆಯನ್ನು ಜನಗಣತಿಯ ಕೋಷ್ಟಕವು ಹತ್ತು ವರ್ಷಕ್ಕೊಮ್ಮೆ ಅಂಕಿಯಲ್ಲಿ ತೋರಿಸುತ್ತದೆ. ಮನೆಯ ಪುಸ್ತಕವು ಅದನ್ನು ತಂದೆಯ ಕೈಯಿಂದ ಮಗನ ಕೈಗೆ ದಾಟುವಾಗಲೇ ತೋರಿಸುತ್ತದೆ.

ಮನೆಯೊಳಗಿನಿಂದ ಬಂದ ಚರಿತ್ರೆ

ಪಾದ್ರಿಯ ಸೇವೆಯನ್ನೂ ಸಂಸಾರವನ್ನೂ ಒಂದೇ ಹೆಣಿಗೆಯಲ್ಲಿ ತೋರಿಸಿದ ಗ್ರಂಥವೊಂದು ನಮ್ಮ ನೆರೆಯ ಮರಾಠಿಯಲ್ಲಿದೆ. ಅದು ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’. 1934ರಿಂದ ಮೊದಲಾಗಿ ನಾಲ್ಕು ಭಾಗಗಳಲ್ಲಿ ಪ್ರಕಟವಾದ ಈ ಆತ್ಮಚರಿತ್ರೆ ಮರಾಠಿ ಗದ್ಯದ ಶ್ರೇಷ್ಠ ಕೃತಿಗಳಲ್ಲಿ ಎಣಿಕೆಯಾಗಿದೆ.

ಆಕೆಯ ಪತಿ ನಾರಾಯಣ ವಾಮನ ಟಿಳಕರು ಕೊಂಕಣಸ್ಥ ಬ್ರಾಹ್ಮಣರು, ಕವಿಗಳು; ಹುಟ್ಟಿದ್ದು 1861ರಲ್ಲಿ. ನಾಗಪುರದಿಂದ ರಾಜನಾಂದಗಾಂವಕ್ಕೆ ಹೋಗುವ ರೈಲಿನಲ್ಲಿ ಒಬ್ಬ ಅಪರಿಚಿತ ಯುರೋಪಿಯನ್ನನು ಕೊಟ್ಟ ಹೊಸ ಒಡಂಬಡಿಕೆಯ ಪ್ರತಿಯು ಅವರ ಬಾಳನ್ನು ತಿರುಗಿಸಿತು. 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ಅವರು ದೀಕ್ಷೆ ಪಡೆದರು. ಪಾದ್ರಿಯ ಚರಿತ್ರೆಯನ್ನು ಬರೆಯುವವರಿಗೆ ಇದು ಆರಂಭ. ಆದರೆ ಮನೆಯಲ್ಲಿದ್ದವರಿಗೆ ಅದು ಆಕಾಶ ಕಳಚಿ ಬಿದ್ದ ದಿನ. ಹೆಂಡತಿಗೆ ಗಂಡನಿದ್ದೂ ಇಲ್ಲದಂಥ ಸ್ಥಿತಿ. ಆಕೆ ಚಿಕ್ಕ ಮಗ ದತ್ತುವಿನೊಡನೆ ಬಂಧುಗಳ ಆಶ್ರಯದಲ್ಲಿ ಕಾಲ ಕಳೆದಳು. ಆ ಅಗಲಿಕೆಯ ದಿನಗಳಲ್ಲಿ ಆಕೆ ಇದ್ದ ಊರುಗಳಲ್ಲಿ ನಮ್ಮ ಜಿಲ್ಲೆಯ ಪಂಢರಪುರವೂ ಒಂದು. ವಿಠ್ಠಲನ ವಾರಿಗೆ ಲಕ್ಷಾವಧಿ ಜನ ಸೇರುವ ಆ ಊರಿನಲ್ಲಿ ಹೀಗೊಬ್ಬಳು ತಾಯಿ ಕಣ್ಣೀರು ನುಂಗಿಕೊಂಡಿದ್ದಳೆಂಬುದು ಮಿಶನ್ನಿನ ವಾರ್ಷಿಕ ವರದಿಗಳಿಂದ ತಿಳಿಯುವ ಮಾತಲ್ಲ.

ಮುಂದೆ ಆಕೆ ಪತಿಯ ಬಳಿಗೆ ಬಂದಳು, ಆದರೆ ಧರ್ಮಾಂತರ ಹೊಂದಿ ಬರಲಿಲ್ಲ. ಬೇರೆ ಒಲೆ, ಬೇರೆ ನೀರು, ಬೇರೆ ಪಾತ್ರೆ ಇಟ್ಟುಕೊಂಡು ಬಾಳಿದಳು. ಆಕೆಯ ತಂದೆಯಾದರೋ ಮಡಿಯ ಹುಚ್ಚು ಹಿಡಿದವರು. ಅವರ ಮಡಿಯ ಕಾಟದಿಂದ ಮನೆಮಂದಿಯೆಲ್ಲ ಬಳಲುತ್ತಿದ್ದುದನ್ನು ಆಕೆ ನಗುತ್ತಲೇ ವರ್ಣಿಸಿದ್ದಾಳೆ. ಅಂಥ ಮನೆಯ ಮಗಳು, ಜಾತಿಯನ್ನು ಮಾಡಿದವನು ದೇವರೋ ಮನುಷ್ಯನೋ ಎಂದು ತಾನೇ ವಿಚಾರಿಸಿ, ತಾನೇ ಒಂದು ದಿನ ನಿರ್ಧರಿಸಿ, ಯಾರ ಕೈಯ ನೀರನ್ನಾದರೂ ಕುಡಿಯುವಂತಾದಳು. 1900ರಲ್ಲಿ ದೀಕ್ಷೆ ಪಡೆದಳು. ಇಲ್ಲಿ ಬೋಧಕನು ಪತಿ. ಆದರೂ ಆಕೆಯ ಮನಸ್ಸು ಬದಲಾದದ್ದು ಬೋಧನೆಯಿಂದ ಮಾತ್ರವೇ ಅಲ್ಲ, ಅಡಿಗೆಮನೆಯ ಅನುಭವದಿಂದ. ಸಾಮಾಜಿಕ ಪರಿವರ್ತನೆಯನ್ನು ಕಲಿಸುವ ನಾವು ಈ ಒಂದು ಪ್ರಸಂಗವನ್ನು ವರ್ಗದಲ್ಲಿ ಹೇಳಿದರೆ ಸಾಕು, ಹತ್ತು ಪುಟದ ಪಾಠಕ್ಕೆ ಸಮನಾದೀತು.

ಟಿಳಕರು ತಮ್ಮನ್ನು ಕ್ರಿಸ್ತನಲ್ಲಿಗೆ ದಾಟಿಸಿದ ಸೇತುವೆ ತುಕಾರಾಮನೆಂದು ಹೇಳಿಕೊಂಡವರು. 1917ರಲ್ಲಿ ಅವರು ಮಿಶನ್ನಿನ ಸಂಬಳದ ಕೆಲಸವನ್ನು ಬಿಟ್ಟು ಸಂನ್ಯಾಸಿಯಂತೆ ಬಾಳತೊಡಗಿದರು, 1919ರಲ್ಲಿ ತೀರಿಕೊಂಡರು. ಹೊರಗಿನ ಜನ ಈ ತ್ಯಾಗವನ್ನು ಕೊಂಡಾಡಿತು, ಅದು ನ್ಯಾಯವೇ. ಆದರೆ ಪಗಾರ ಬಿಟ್ಟ ದಿನದಿಂದ ಮನೆ ನಡೆಯುವುದು ಹೇಗೆ? ಗಂಡನ ತ್ಯಾಗದಲ್ಲಿ ಅರ್ಧ ಪಾಲು ಹೆಂಡತಿಯದಿರುತ್ತದೆ, ಅದನ್ನು ಯಾರೂ ಬರೆಯುವುದಿಲ್ಲ. ಲಕ್ಷ್ಮೀಬಾಯಿ ಶಾಲೆಯ ಮೆಟ್ಟಿಲು ಹತ್ತದಿದ್ದರೂ ಅದನ್ನು ಬರೆದಳು. ದೂರಲಿಲ್ಲ, ದೇವರನ್ನಾಗಿಯೂ ಮಾಡಲಿಲ್ಲ. ಟಿಳಕರು ಅಪೂರ್ಣವಾಗಿ ಬಿಟ್ಟುಹೋದ ‘ಖ್ರಿಸ್ತಾಯನ’ ಕಾವ್ಯವನ್ನೂ ಆಕೆಯೇ ಮುಂದುವರಿಸಿದಳು.

ಕನ್ನಡದ ಪಾದ್ರಿಗಳು

ಈಗ ಕನ್ನಡದತ್ತ ಬರೋಣ. ನಮ್ಮ ಮೇಜಿನ ಮೇಲಿರುವ ಕಿಟೆಲ್ ಕೋಶ ಪ್ರಕಟವಾದದ್ದು 1894ರಲ್ಲಿ. ಪುಟಗಳು 1700ಕ್ಕೂ ಹೆಚ್ಚು. ರೆವರೆಂಡ್ ಫರ್ಡಿನಾಂಡ್ ಕಿಟೆಲ್ಲರು 1853ರಲ್ಲಿ ಈ ದೇಶಕ್ಕೆ ಬಂದವರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅವರ ಮಡದಿ ಪೌಲೀನಾ ಮದುವೆಯಾಗಿ ಕೆಲವೇ ವರ್ಷಗಳಲ್ಲಿ, 1864ರಲ್ಲಿ, ತೀರಿಕೊಂಡಳೆಂಬುದನ್ನೂ, ತಾಯಿಯಿಲ್ಲದ ಆ ಮನೆಗೆ ಮುಂದೆ ಆಕೆಯ ತಂಗಿ ಯೂಲಿಯಾ ಬಂದಳೆಂಬುದನ್ನೂ ಹೇಳುವವರು ವಿರಳ. ಒಂದು ಶಬ್ದದ ಅರ್ಥಕ್ಕಾಗಿ ಕೋಶವನ್ನು ತೆರೆಯುವಾಗ ಆ ಪರದೇಶದ ಹೆಣ್ಣುಮಕ್ಕಳ ನೆನಪಾದರೆ ಕೋಶದ ಬೆಲೆ ಕಡಿಮೆಯಾಗದು, ಹೆಚ್ಚಾದೀತು.

ಅಚ್ಚ ಕನ್ನಡಿಗ ಪಾದ್ರಿಗಳಲ್ಲಿ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಪ್ರಾತಃಸ್ಮರಣೀಯರು. 1881ರಲ್ಲಿ ಧಾರವಾಡದಲ್ಲಿ ಜನನ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಎರಡು ಹೆಸರುಗಳನ್ನು ಕೂಡಿಸಿ ಓದಿರಿ. ಒಂದರಲ್ಲಿ ಸತ್ಯವೇದದ ಪ್ರವಾದಿ, ಇನ್ನೊಂದರಲ್ಲಿ ನಮ್ಮ ಭಕ್ತಿ. ಎರಡಕ್ಕೂ ‘ಅಪ್ಪ’, ‘ಅವ್ವ’ ಎಂಬ ನಮ್ಮ ನೆಲದ ಕೊನೆ. ಮನೆಯ ಹೆಸರುಗಳಲ್ಲಿಯೇ ಇದ್ದ ಈ ಸಂಗಮವು ಮಗನ ಬಾಳಿನಲ್ಲಿ ಸಾಹಿತ್ಯವಾಗಿ ಹರಿಯಿತು. ಮಂಗಳೂರಿನಲ್ಲಿ ದೈವಶಾಸ್ತ್ರವನ್ನು ಓದಿ ಬಾಸೆಲ್ ಮಿಶನ್ನಿನ ಬೋಧಕರಾಗಿ ಊರೂರು ತಿರುಗುವಾಗ ಅವರ ಕಿವಿ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳ ಮೇಲಿತ್ತು. ಹೇಳಲು ಹೋದವರು ಕೇಳಿಕೊಂಡು ಬಂದರು. ವರ್ಷಾನುಗಟ್ಟಲೆ ಹಳ್ಳಿಗರಿಂದಲೂ ಹಸ್ತಪ್ರತಿಗಳಿಂದಲೂ ಕೂಡಿಸಿ, ಶೋಧಿಸಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂಬ ಸಂಪುಟವನ್ನು ಹೊರತಂದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ಊರೂರು ಬೇಡಿ ತಂದ ಭಿಕ್ಷೆಯನ್ನು ನಾಡಿಗೇ ಬಡಿಸಿದವರಿಗೆ ಈ ಹೆಸರು ಒಪ್ಪುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು. ಆಗ ಸಭೆಗಳ ಭಾರವೂ ಸಾಲೆಗಳ ಭಾರವೂ ದೇಶೀಯ ಬೋಧಕರ ಹೆಗಲಿಗೆ ಬಂದವು. ಸಂಕಷ್ಟದ ಆ ಕಾಲವನ್ನು ದಾಟಿದ ತಲೆಮಾರಿನವರು ಉತ್ತಂಗಿಯವರು.

ನಮ್ಮ ಸೊಲ್ಲಾಪುರಕ್ಕೂ ಅವರಿಗೂ ಇರುವ ಋಣಾನುಬಂಧ ದೊಡ್ಡದು. ಸೊನ್ನಲಿಗೆಯ ಶಿವಯೋಗಿಯ ವಾಙ್ಮಯವನ್ನು ಒಂದೆಡೆ ತಂದ ‘ಸಿದ್ಧರಾಮ ಸಾಹಿತ್ಯ ಸಂಗ್ರಹ’ದ (1955) ಹಿಂದೆ ಈ ಪಾದ್ರಿಯ ದುಡಿಮೆಯಿದೆ. ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರೂ ಅವರೇ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿ ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಮರುವರ್ಷ, 1950ರಲ್ಲಿ, ಸಮ್ಮೇಳನವು ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ನಮ್ಮ ಸೊಲ್ಲಾಪುರದಲ್ಲಿಯೇ ಕೂಡಿತು. ಉತ್ತಂಗಿಯವರು 1962ರಲ್ಲಿ ಕಾಲವಾದರು.

ನೆನಪಿನ ಬೆಲೆ, ನೆನಪಿನ ಮಿತಿ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅವಶ್ಯ. ನೆನಪು ಸತ್ಯವನ್ನೇ ಹೇಳುತ್ತದೆಂದು ನಂಬಕೂಡದು. ಮುಪ್ಪಿನಲ್ಲಿ ಇಸವಿಗಳು ಜಾರುತ್ತವೆ. ಇಬ್ಬರ ಕಥೆ ಒಬ್ಬರದಾಗುತ್ತದೆ. ಮಕ್ಕಳು ತಂದೆಯ ಕೋಪವನ್ನು ಮರೆತು ಕರುಣೆಯನ್ನಷ್ಟೇ ಹೇಳುತ್ತಾರೆ. ಆದುದರಿಂದ ಮನೆಯ ಮಾತನ್ನು ಹೊರಗಿನ ಕಾಗದದೊಡನೆ ತಾಳೆ ನೋಡಬೇಕು. ಆ ಕಾಗದ ನಮ್ಮ ಕೈಯಲ್ಲಿಯೇ ಇದೆ. ಸಾಲೆಯ ಜನರಲ್ ರಜಿಸ್ಟರಿನಲ್ಲಿ ಹುಡುಗನ ಹೆಸರು, ತಂದೆಯ ಉದ್ಯೋಗ, ಬಂದ ಊರು, ಬಿಟ್ಟ ತಾರೀಖು ಎಲ್ಲವೂ ಇರುತ್ತವೆ. ಪಾದ್ರಿಯ ಮಗನು ಯಾವ ವರ್ಷ ಯಾವ ಸಾಲೆ ಬಿಟ್ಟನೆಂಬುದರಿಂದ ತಂದೆಯ ವರ್ಗಾವಣೆಯನ್ನು ಗೊತ್ತುಮಾಡಬಹುದು. ದೇವಾಲಯದ ದೀಕ್ಷಾಸ್ನಾನದ ದಾಖಲೆಯೂ ಗೋರಿಯ ಕಲ್ಲೂ ಉಳಿದುದನ್ನು ಹೇಳುತ್ತವೆ. ಇವು ತಾರೀಖನ್ನು ತಿದ್ದುತ್ತವೆ. ಆದರೆ ಮಗಳನ್ನು ಮಣ್ಣು ಮಾಡಿದ ದಿನ ಸಂಜೆ ಆರಾಧನೆ ನಡೆಸಿದ ತಂದೆಯ ಎದೆಯನ್ನು ತೋರಿಸಲಾರವು. ಎರಡೂ ಬೇಕು.

ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ನಿಮ್ಮ ಊರಿನಲ್ಲಿ ಹಳೆಯ ಪಾದ್ರಿಯ ಮನೆಯಿದ್ದರೆ ಈ ಸೂಟಿಯಲ್ಲಿಯೇ ಹೋಗಿರಿ, ಮುಂದಿನ ಸೂಟಿಗೆ ಇಡಬೇಡಿರಿ. ಯಜಮಾನರೊಡನೆ ಮಾತಾಡಿದ ಮೇಲೆ ಮನೆಯ ಅವ್ವನವರೊಡನೆಯೂ ಮಾತಾಡಿರಿ. ‘ಸ್ಮೃತಿಚಿತ್ರೆ’ ಕಲಿಸುವ ಪಾಠ ಅದೇ. ಹೇಳಿದ್ದನ್ನು ಹೇಳಿದ ಭಾಷೆಯಲ್ಲಿಯೇ ಬರೆದುಕೊಳ್ಳಿರಿ. ನಡುವೆ ಮರಾಠಿ ಬಂದರೆ ಮರಾಠಿಯನ್ನೇ ಇಡಿರಿ. ಪುಸ್ತಕವನ್ನು ಕೇಳಿ ತರಬೇಡಿರಿ. ಈಗ ಪ್ರತಿಯೊಬ್ಬರ ಕಿಸೆಯಲ್ಲಿ ಮೊಬೈಲು ಇರುವುದರಿಂದ ಹಾಳೆಗಳ ಚಿತ್ರ ತೆಗೆದುಕೊಂಡು ಪುಸ್ತಕವನ್ನು ಮನೆಯವರ ಕೈಗೇ ಒಪ್ಪಿಸಿರಿ. ಮನೆಯವರು ಬೇಡವೆಂದ ಸಂಗತಿಯನ್ನು ಅಚ್ಚಿಗೆ ಕೊಡಬೇಡಿರಿ. ಈ ಕ್ರಮವು ಪಾದ್ರಿಯ ಮನೆಗೆ ಮಾತ್ರವಲ್ಲ, ಮಠದ ಅಯ್ಯನವರ ಮನೆಗೂ ಮುಲ್ಲಾ ಸಾಹೇಬರ ಮನೆಗೂ ಹೊಂದುತ್ತದೆ.

ಊರೂರು ತಿರುಗಿದ ಪಾದ್ರಿಯೊಬ್ಬರು ತಮ್ಮ ಮತದವನಲ್ಲದ ಸಿದ್ಧರಾಮನ ಮಾತುಗಳನ್ನು ನಮಗಾಗಿ ಕೂಡಿಸಿಟ್ಟರು. ಆ ಋಣವನ್ನು ತೀರಿಸುವ ದಾರಿ ಒಂದೇ: ಅಂಥವರ ಮನೆಯ ಮಾತುಗಳನ್ನು ನಾವೂ ಕೂಡಿಸಿಡುವುದು. ನಮ್ಮ ಆಲಸ್ಯದಿಂದ ಒಂದು ಪುಸ್ತಕ ರದ್ದಿಗೆ ಹೋಯಿತು. ಎರಡನೆಯದು ಹೋಗದಿರಲಿ.